ಕಾಫಿ ಹಣ್ಣಿನ ಕೈಯೂ ಸಕ್ಕರೆಯ ಲೆಕ್ಕವೂ

ಡಿಸೆಂಬರ್ ಬಂತೆಂದರೆ ಮೂಡಿಗೆರೆಯ ನಮ್ಮ ಪ್ರಯೋಗಾಲಯದಲ್ಲಿ ಒಂದು ದೂರು ತಪ್ಪುವುದಿಲ್ಲ: ‘ಮನೆಯ ಮಿಷನ್ ಒಂದು ಹೇಳುತ್ತದೆ, ನೀವೊಂದು ಹೇಳುತ್ತೀರಿ.’ ಕಳೆದ ಕೊಯ್ಲಿನಲ್ಲಿ ತೋಟದ ಕೆಲಸದ ಹೆಂಗಸೊಬ್ಬರು ಆ ಮಿಷನ್ನನ್ನು, ಅಂದರೆ ರಕ್ತದ ಸಕ್ಕರೆ ಅಳೆಯುವ ಗ್ಲುಕೋಮೀಟರನ್ನು, ಸೆರಗಿಗೆ ಕಟ್ಟಿಕೊಂಡೇ ಬಂದಿದ್ದರು. ಮಧ್ಯಾಹ್ನ ಊಟಕ್ಕೆ ಮೊದಲು ಅದು 268 ತೋರಿಸಿತ್ತಂತೆ. ನಾವು ತೋಳಿನಿಂದ ರಕ್ತ ತೆಗೆದು ನೋಡಿದರೆ 131.

‘ಮಾತ್ರೆ ಹೆಚ್ಚು ಮಾಡಬೇಕೇ ಸಾರ್?’ ಎನ್ನುತ್ತಾ ಕೈ ಚಾಚಿದರು. ಬೆರಳೆಲ್ಲ ಅಂಟು. ಉಗುರಿನ ಸಂದಿಯಲ್ಲಿ ಕೆಂಪು ಸಿಪ್ಪೆ. ಸೋಪು ಹಾಕಿ ತೊಳೆಸಿ, ಒರೆಸಿ, ಅವರದೇ ಮಿಷನ್‌ನಲ್ಲಿ ಮತ್ತೆ ನೋಡಿದೆ: 138.

ಕಳಿತ ಕಾಫಿ ಹಣ್ಣಿನ ಸಿಪ್ಪೆಯೊಳಗಿನ ಲೋಳೆ ಸಿಹಿ ಎಂಬುದು ತೋಟದ ಮಕ್ಕಳಿಗೂ ಗೊತ್ತು. ಆ ಸಿಹಿಯಲ್ಲಿ ಗ್ಲುಕೋಸೂ ಇದೆ. ರಕ್ತದ ಹನಿ ಮುಟ್ಟಿಸಲು ಮಿಷನ್‌ಗೆ ಸಿಕ್ಕಿಸುವ ಪಟ್ಟಿಯ ತುದಿಯಲ್ಲಿ ಕೂದಲೆಳೆಯಂಥ ಕಾಲುವೆಯೊಂದಿದೆ. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಅದು ರಕ್ತವನ್ನು ತಾನೇ ಎಳೆದುಕೊಳ್ಳುತ್ತದೆ. ಒಳಗೆ ಕಾದಿರುವ ಕಿಣ್ವ ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ, ಮಿಷನ್ ಆ ವಿದ್ಯುತ್ತನ್ನು ಅಳೆಯುತ್ತದೆ. ಕಿಣ್ವವನ್ನು ವಿದ್ಯುದ್ವಾರಕ್ಕೆ ಜೋಡಿಸುವ ಈ ಉಪಾಯವನ್ನು 1962ರಲ್ಲಿ ಕ್ಲಾರ್ಕ್ ಮತ್ತು ಲಯಾನ್ಸ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಗ್ಲುಕೋಸ್ ರಕ್ತದ್ದೋ ಹಣ್ಣಿನದ್ದೋ ಎಂದು ಕಿಣ್ವ ವಿಚಾರಿಸುವುದಿಲ್ಲ.

ಲೆಕ್ಕ ಹಾಕಿ ನೋಡಿ. ಪಟ್ಟಿಗೆ ಸಾಕಾಗುವ ರಕ್ತ ಸುಮಾರು ಅರ್ಧ ಮೈಕ್ರೋಲೀಟರ್. ಸಕ್ಕರೆ 100, ಅಂದರೆ ಡೆಸಿಲೀಟರಿಗೆ 100 ಮಿಲಿಗ್ರಾಂ, ಇದ್ದರೆ ಅಷ್ಟು ರಕ್ತದಲ್ಲಿರುವ ಗ್ಲುಕೋಸ್ ಒಂದು ಮಿಲಿಗ್ರಾಂನ ಎರಡು ಸಾವಿರದಲ್ಲಿ ಒಂದು ಪಾಲು ಮಾತ್ರ. ಚರ್ಮದಿಂದ ಇನ್ನೊಂದು ಅಷ್ಟೇ ಪಾಲು ಸೇರಿದರೆ ಅಂಕಿ ಇಮ್ಮಡಿ! ಕಿತ್ತಳೆ ಸುಲಿದ ಕೈ, ಬೆಲ್ಲ ಕುಟ್ಟಿದ ಕೈ, ಎಲ್ಲದರ ಕಥೆಯೂ ಇದೇ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರು ಬೇಕು.

ಮಳೆಗಾಲದ ತಂಟೆ ಬೇರೆ. ನಮ್ಮ ಜುಲೈಯಲ್ಲಿ ಹಪ್ಪಳವೇ ಮೆತ್ತಗಾಗುವಾಗ ಮುಚ್ಚಳ ತೆರೆದಿಟ್ಟ ಡಬ್ಬಿಯ ಪಟ್ಟಿ ಕೆಡದೇ ಇರುತ್ತದೆಯೇ? ಒಬ್ಬರು ಜಾಣತನದಿಂದ ಅದನ್ನು ಒಲೆಯ ಮೇಲಿನ ಅಟ್ಟದಲ್ಲಿ, ಉಪ್ಪಿನ ಭರಣಿಯ ಪಕ್ಕದಲ್ಲಿಟ್ಟಿದ್ದರು. ತೇವವೇನೋ ತಪ್ಪಿತು, ಬಿಸಿಗೆ ಕಿಣ್ವ ಸತ್ತಿತು. ಡೆಂಗಿ ಪರೀಕ್ಷೆಯ ಕಾರ್ಡಿನಲ್ಲೂ ರಕ್ತದ ಹನಿ ಈ ಪಟ್ಟಿಯಲ್ಲಿನಂತೆಯೇ ತಾನಾಗಿ ಹರಿಯುತ್ತದೆ. ಅಲ್ಲಿ ಕಾರ್ಡ್ ಸರಿಯಾಗಿ ಕೆಲಸ ಮಾಡಿದೆ ಎಂದು ಹೇಳುವ ‘ಸಿ’ ಗೆರೆ ಮೂಡದಿದ್ದರೆ ಉಳಿದ ಗೆರೆಗಳನ್ನು ನೋಡಲೇಬೇಡಿ, ಕಾರ್ಡನ್ನು ಬಿಸಾಡಿ.

ಇನ್ನು ಆ 138 ಮತ್ತು 131. ಮನೆಯ ಮೀಟರುಗಳಿಗೆ ಅಂತರರಾಷ್ಟ್ರೀಯ ಮಾನದಂಡವೇ 100ರ ಮೇಲಿನ ಅಂಕಿಗಳಲ್ಲಿ ಶೇ 15ರಷ್ಟು ಹೆಚ್ಚು ಕಡಿಮೆಗೆ ಅವಕಾಶ ಕೊಟ್ಟಿದೆ. ಏಳರ ವ್ಯತ್ಯಾಸಕ್ಕೆ ನಾನು ತಲೆ ಕೆಡಿಸಿಕೊಳ್ಳುವವನಲ್ಲ. ಆದರೆ ಆ ಹೆಂಗಸಿನ ಕಣ್ಣಿನ ರೆಪ್ಪೆಯ ಒಳಗು ರಕ್ತ ಕಡಿಮೆಯಾದವರಂತೆ ಬಿಳಿಚಿತ್ತು. ಕೆಂಪು ರಕ್ತಕಣ ಕಡಿಮೆ ಇದ್ದರೆ ಮೀಟರ್ ಸಕ್ಕರೆಯನ್ನು ಏರಿಸಿ ತೋರಿಸುತ್ತದೆ. ಹಿಮೋಗ್ಲೋಬಿನ್ ನೋಡಿದೆವು: 8.2, ಕಡಿಮೆಯೇ. ವೈದ್ಯರು ಸಕ್ಕರೆಯ ಮಾತ್ರೆಯನ್ನು ಮುಟ್ಟಲಿಲ್ಲ. ಕಬ್ಬಿಣಾಂಶದ ಮಾತ್ರೆ ಬರೆದು ಕಳಿಸಿದರು.