ಉಪ್ಪುಗಾಳಿ, ಮರಳು ಮತ್ತು ಸ್ಕೇಟ್‌ಬೋರ್ಡಿನ ಬೇರಿಂಗ್

ಮಳೆ ಹಿಡಿದು ಎರಡು ವಾರ ಆಗುವಷ್ಟರಲ್ಲಿ ನನ್ನ ಮೇಜಿನ ಮೇಲೆ ಸ್ಕೇಟ್‌ಬೋರ್ಡ್‌ಗಳು ಬಂದು ಕೂರುತ್ತವೆ. ಪ್ರತಿ ವರ್ಷವೂ ಹೀಗೇ. ಈ ಸಲ ಮೊದಲು ಬಂದವನು ಪಿಯುಸಿ ಓದುವ ಒಬ್ಬ ಹುಡುಗ.

"ಅಣ್ಣಾ, ಇದರ ಬೇರಿಂಗ್ ಎಬೆಕ್ 9. ತೆಗೆದುಕೊಂಡು ಮೂರು ತಿಂಗಳೂ ಆಗಿಲ್ಲ. ಈಗ ನೋಡಿ, ತಿರುಗುವುದೇ ಇಲ್ಲ."

ಗಾಲಿಯನ್ನು ಬೆರಳಿನಿಂದ ತಳ್ಳಿದೆ. ಕರ್ರ್ ಅಂತ ಅರ್ಧ ಸುತ್ತು ಬಂದು ನಿಂತಿತು.

"ಎಲ್ಲಿ ಓಡಿಸಿದ್ದು ಮಾರಾಯ?"

"ತಣ್ಣೀರುಬಾವಿ ಬೀಚಿಗೆ ಹೋಗಿದ್ದೆವು. ಸ್ವಲ್ಪ ಮರಳು ಹೋಯ್ತು. ಆದರೆ ಮನೆಗೆ ಬಂದು ಪೈಪ್ ಹಿಡಿದು ಚೆನ್ನಾಗಿ ತೊಳೆದಿದ್ದೇನೆ ಅಣ್ಣಾ."

ಬೇರಿಂಗ್ ಅಂದರೆ ಗಾಲಿ ಸಲೀಸಾಗಿ ತಿರುಗಲೆಂದು ಅದರೊಳಗೆ ಕೂರಿಸುವ, ಎರಡು ರಿಂಗುಗಳ ನಡುವೆ ಗೋಲಿಗಳಿರುವ ಉಕ್ಕಿನ ಬಿಲ್ಲೆ. ಅದು ಹಾಳಾದದ್ದು ಆ ತೊಳೆತದಲ್ಲಿ. ಒಂದು ಬೇರಿಂಗ್ ಬಿಚ್ಚಿ, ಗುಂಡುಸೂಜಿಯಿಂದ ರಬ್ಬರ್ ಸೀಲ್ ಎಬ್ಬಿಸಿ, ಬಿಳಿ ಕಾಗದದ ಮೇಲೆ ತಟ್ಟಿದೆ. ಕಂದು ಬಣ್ಣದ ಹಸಿ ಹುಡಿ ಬಿತ್ತು. ಅದರ ನಡುವೆ ಮೂರ್ನಾಲ್ಕು ಮರಳಿನ ಕಣ ಬೆಳಕಿಗೆ ಮಿನುಗುತ್ತಿದ್ದವು. ಲೆನ್ಸ್ ಹಿಡಿದು ಅವನಿಗೆ ಒಳಗಿನ 7 ಗೋಲಿಗಳನ್ನು ತೋರಿಸಿದೆ. ಐದು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಎರಡರ ಮೈ ಮಂಕಾಗಿತ್ತು, ಹತ್ತಿರದಿಂದ ನೋಡಿದರೆ ಸಿಡುಬಿನ ಕಲೆಯಂಥ ಸಣ್ಣ ಗುಳಿಗಳು.

ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ ಮೋಟಾರು, ಪಂಪುಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು ನಾನು. ಬೇರಿಂಗಿನ ಸದ್ದು ಕೇಳಿಯೇ ಅದರ ಆಯುಸ್ಸು ಹೇಳುವ ಅಭ್ಯಾಸ ಅಲ್ಲಿ ಬಂತು. ಸ್ವಂತ ವರ್ಕ್‌ಶಾಪ್ ಹಾಕಿದ ಮೇಲೆ ರಿಂಕ್‌ಗೆ ಹೋಗುವ ಮಕ್ಕಳ ಸ್ಕೇಟ್‌ಗಳು ಬರಲು ಶುರುವಾದವು, ಆಮೇಲೆ ಸ್ಕೇಟ್‌ಬೋರ್ಡ್‌ಗಳು. ಬೋರ್ಡಿನ ಗಾಲಿಯೊಳಗಿದ್ದದ್ದು ನನಗೆ ಹಳೆಯ ಪರಿಚಯದ 608 ನಂಬರಿನ ಬೇರಿಂಗ್. ಒಳಗಿನ ತೂತು 8 ಮಿಲಿಮೀಟರ್, ಹೊರ ಅಳತೆ 22, ದಪ್ಪ 7. ಇದೇ ಬೇರಿಂಗ್ ಎಷ್ಟೋ ಸಣ್ಣ ಮೋಟಾರುಗಳಲ್ಲೂ ಇದೆ. ಗಾಲಿಗೆ ಎರಡರಂತೆ ಒಂದು ಬೋರ್ಡಿಗೆ 8 ಬೇಕು. ನಾಲ್ಕು ಗಾಲಿಯ ಸ್ಕೇಟ್ ಜೋಡಿಗೆ 16.

ರಿಂಕ್ ಮಕ್ಕಳ ಅಪ್ಪ ಅಮ್ಮಂದಿರಿಗೆ ಇಲ್ಲೇ ಒಂದು ಮಾತು. ಕೆಲವು ನಾಲ್ಕು ಗಾಲಿಯ ಸ್ಕೇಟ್‌ಗಳ ಆಕ್ಸಲ್, ಅಂದರೆ ಗಾಲಿ ಸಿಕ್ಕಿಸುವ ಸರಳು, 7 ಮಿಲಿಮೀಟರ್ ಇರುತ್ತದೆ. ಅದಕ್ಕೆ ಬೇಕಾದದ್ದು 627. ಹೊರ ಅಳತೆ, ದಪ್ಪ ಎರಡೂ ಒಂದೇ ಆದ್ದರಿಂದ 608 ಗಾಲಿಯಲ್ಲಿ ಸರಿಯಾಗಿಯೇ ಕೂರುತ್ತದೆ. ಆದರೆ ಆಕ್ಸಲ್ ಮೇಲೆ ಗಡಗಡ ಅಲುಗುತ್ತದೆ. ತೆಗೆದುಕೊಳ್ಳುವ ಮುಂಚೆ ಅಳೆಯಿರಿ.

ಈಗ ಆ ಎಬೆಕ್ ವಿಷಯ. ಅಂಗಡಿಗೆ ಬರುವ ಹತ್ತರಲ್ಲಿ ಎಂಟು ಜನ ಮೊದಲು ಕೇಳುವುದು ಅದನ್ನೇ. ಅಮೆರಿಕದ ಬೇರಿಂಗ್ ತಯಾರಕರ ಸಂಘದ ಸಮಿತಿಯೊಂದು ಮಾಡಿದ ಅಳತೆಯ ದರ್ಜೆ ಅದು. 1, 3, 5, 7, 9 ಅಂತ ಐದು ದರ್ಜೆ. ಸಂಖ್ಯೆ ಜಾಸ್ತಿಯಾದಷ್ಟೂ ಅಳತೆಯಲ್ಲಿ ವ್ಯತ್ಯಾಸ ಕಡಿಮೆ, ತಿರುಗುವಾಗ ಓಲಾಟ ಕಡಿಮೆ. ಡಬ್ಬಿಯ ಮೇಲೆ ಎಬೆಕ್ 11 ಅಂತ ಬರೆದು ಮಾರುವವರಿದ್ದಾರೆ. ಆ ಪಟ್ಟಿಯಲ್ಲಿ ಅಂಥ ದರ್ಜೆಯೇ ಇಲ್ಲ, ಅದನ್ನು ಅಲ್ಲೇ ಬಿಟ್ಟು ಬನ್ನಿ.

ಎಬೆಕ್ 1ರಲ್ಲಿ ಒಳತೂತಿನ ಅಳತೆ 8 ಮೈಕ್ರಾನ್‌ವರೆಗೆ ಕಡಿಮೆಯಾಗಬಹುದು. ಎಬೆಕ್ 9ರಲ್ಲಿ ಎರಡೂವರೆ ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಐದೂವರೆ ಮೈಕ್ರಾನಿನ ಈ ವ್ಯತ್ಯಾಸಕ್ಕಾಗಿ ನಾವು ಹೆಚ್ಚಿನ ದುಡ್ಡು ಕೊಡುತ್ತೇವೆ. ಆದರೆ ಸ್ಕೇಟ್‌ಬೋರ್ಡಿನ ಆಕ್ಸಲ್ ಇಂಚಿನ ಲೆಕ್ಕದ್ದು, ಒಂದು ಇಂಚಿನ ಹದಿನಾರರಲ್ಲಿ ಐದು ಪಾಲು. ಅಂದರೆ 7.94 ಮಿಲಿಮೀಟರ್. ತೂತು 8, ಆಕ್ಸಲ್ 7.94. ನಡುವೆ ಆಗಲೇ 60 ಮೈಕ್ರಾನ್ ಸಡಿಲ ಇದೆ! ಅಲ್ಲಿ ಐದೂವರೆ ಮೈಕ್ರಾನ್ ನಿಮಗೆ ಏನು ಕೊಡುತ್ತದೆ ಹೇಳಿ.

ವೇಗದ ಲೆಕ್ಕವೂ ಹಾಗೇ. 52 ಮಿಲಿಮೀಟರ್ ಗಾಲಿ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಓಡಿದರೆ ನಿಮಿಷಕ್ಕೆ ಸುಮಾರು 2,000 ಸುತ್ತು. ಒಳ್ಳೆ ಕಂಪನಿಯ ಸಾಮಾನ್ಯ 608 ನಿಮಿಷಕ್ಕೆ 30,000 ಸುತ್ತಿಗೂ ಜಾಸ್ತಿ ತಾಳುತ್ತದೆ. ಬೆಂದೂರಿನ ಇಳಿಜಾರಿನಲ್ಲಿ ನೀವು ಎಷ್ಟೇ ಜೋರಾಗಿ ಇಳಿದರೂ ಬೇರಿಂಗಿಗೆ ಅದು ನಡಿಗೆ ಅಷ್ಟೇ. ಅದಕ್ಕೆ ಏಟು ಬೀಳುವುದು ನೀವು ಹಾರಿ ನೆಲಕ್ಕೆ ಬಿದ್ದಾಗ, ಬೋರ್ಡನ್ನು ಅಡ್ಡ ಜಾರಿಸಿದಾಗ. ಅಂಥ ಹೊಡೆತಕ್ಕೆ ಎಷ್ಟು ತಾಳುತ್ತದೆ, ಗೋಲಿಯ ಉಕ್ಕು ಎಂಥದ್ದು, ಗೋಲಿಗಳನ್ನು ಸಮ ಅಂತರದಲ್ಲಿ ಹಿಡಿಯುವ ಕೇಜ್ ಗಟ್ಟಿಯಾ, ಒಳಗೆ ಯಾವ ಎಣ್ಣೆ ಹಾಕಿದ್ದಾರೆ, ಇದ್ಯಾವುದನ್ನೂ ಎಬೆಕ್ ಹೇಳುವುದಿಲ್ಲ. ಸ್ಕೇಟ್ ಲೋಕದಲ್ಲಿ ಹೆಸರು ಮಾಡಿದ ಬೋನ್ಸ್ ಕಂಪನಿ ತನ್ನ ಬೇರಿಂಗುಗಳ ಮೇಲೆ ಎಬೆಕ್ ಸಂಖ್ಯೆ ಹಾಕುವುದೇ ಇಲ್ಲ.

ಹಾಗಾದರೆ ಏನು ನೋಡಿ ಕೊಳ್ಳುವುದು? ನಮ್ಮ ಕರಾವಳಿಯವರಿಗೆ ನಾನು ಹೇಳುವುದು ಒಂದೇ. ಬಿಚ್ಚಿ ತೊಳೆಯಲು ಬರುವ ಬೇರಿಂಗ್ ತೆಗೆದುಕೊಳ್ಳಿ. 608ರ ಮುಂದೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ. ಅದನ್ನು ತೆಗೆಯುವುದು ಕಷ್ಟ, ತೆಗೆದರೆ ಸೊಟ್ಟಗಾಗುತ್ತದೆ. 2ಆರ್‌ಎಸ್ ಅಂತಿದ್ದರೆ ಎರಡೂ ಕಡೆ ರಬ್ಬರ್. ಸ್ಕೇಟ್‌ಗೆಂದೇ ಮಾಡಿದವುಗಳಲ್ಲಿ ಹೆಚ್ಚಾಗಿ ಒಂದೇ ಕಡೆ ರಬ್ಬರ್ ಇದ್ದು, ಇನ್ನೊಂದು ಕಡೆ ತೆರೆದಿರುತ್ತದೆ. ರಬ್ಬರ್ ಹೊರಗೆ ಕಾಣುವ ಹಾಗೆ ಗಾಲಿಗೆ ಹಾಕಬೇಕು. ಇದನ್ನು ತಿರುಗಾಮುರುಗಾ ಹಾಕಿ ತಂದವರನ್ನು ಬಹಳ ನೋಡಿದ್ದೇನೆ.

ಬಂದರಿನ ಕಡೆಯ ಬೇರಿಂಗ್ ಅಂಗಡಿಯಲ್ಲಿ ಮೋಟಾರಿಗೆಂದು ಮಾರುವ 608 ಹಾಕಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ಹಾಕಬಹುದು. ಒಳ್ಳೆ ಕಂಪನಿಯದ್ದಾದರೆ ಉಕ್ಕು ಚೆನ್ನಾಗಿಯೇ ಇರುತ್ತದೆ. ಅದರಲ್ಲಿ ಗ್ರೀಸ್ ದಪ್ಪ, ಅದಕ್ಕೇ ಕೈಯಲ್ಲಿ ತಿರುಗಿಸಿದರೆ ಬೇಗ ನಿಲ್ಲುತ್ತದೆ. ನೋಡಿದವರು "ಇದು ಸ್ಲೋ" ಅಂತ ಮುಖ ಸಿಂಡರಿಸುತ್ತಾರೆ. ಕೈಯಲ್ಲಿ ಹಿಡಿದು ಗಿರಗಿರ ತಿರುಗಿಸಿ ನೋಡುವ ಈ ಪರೀಕ್ಷೆಯನ್ನು ನಾನು ಒಪ್ಪುವುದಿಲ್ಲ. ಎಣ್ಣೆಯ ಪಸೆಯೇ ಇಲ್ಲದ ಬೇರಿಂಗ್ ಎಲ್ಲಕ್ಕಿಂತ ಜಾಸ್ತಿ ಹೊತ್ತು ತಿರುಗುತ್ತದೆ, ಮೇಲೆ ಒಬ್ಬ ಮನುಷ್ಯ ನಿಂತಾಗ ಎಲ್ಲಕ್ಕಿಂತ ಬೇಗ ಸಾಯುತ್ತದೆ.

ಸಾಮಾನ್ಯ ಬೇರಿಂಗ್ ಕ್ರೋಮ್ ಉಕ್ಕಿನದ್ದು. ಅದರಲ್ಲಿ ಕ್ರೋಮಿಯಂ ಇರುವುದು ನೂರಕ್ಕೆ ಒಂದೂವರೆ ಭಾಗ ಅಷ್ಟೇ, ತುಕ್ಕು ತಡೆಯಲು ಅದು ಸಾಲದು. ಸ್ಟೇನ್‌ಲೆಸ್‌ನದ್ದು ಸಿಗುತ್ತದೆ, ತುಕ್ಕು ನಿಧಾನ. ಆದರೆ ಬರುವುದೇ ಇಲ್ಲ ಅಂತಲ್ಲ. ಸೆರಾಮಿಕ್ ಬೇರಿಂಗ್ ಅಂತ ದುಬಾರಿಗೆ ಮಾರುವುದರಲ್ಲಿ ಹೆಚ್ಚಾಗಿ ಗೋಲಿ ಮಾತ್ರ ಸೆರಾಮಿಕ್, ಅದು ಓಡುವ ರಿಂಗ್ ಉಕ್ಕಿನದ್ದೇ. ಆ ರಿಂಗಿಗೆ ತುಕ್ಕು ಹಿಡಿದರೆ ಗೋಲಿ ಚಿನ್ನದ್ದಾಗಿದ್ದರೂ ಅಷ್ಟೇ. ಶಾಲೆ, ಕಾಲೇಜು ಮಕ್ಕಳಿಗೆ ನಾನು ಕ್ರೋಮ್ ಉಕ್ಕಿನದ್ದನ್ನೇ ಕೊಡುವುದು. ಉಳಿದ ದುಡ್ಡಿನಲ್ಲಿ ಒಂದು ಹೆಲ್ಮೆಟ್ ತೆಗೆದುಕೊಳ್ಳಿ ಅನ್ನುತ್ತೇನೆ.

ಮರಳಿಗೆ ಬರೋಣ. ಪಣಂಬೂರಿನದ್ದಾಗಲಿ, ಮಲ್ಪೆಯದ್ದಾಗಲಿ, ಕಡಲ ಮರಳಿನಲ್ಲಿ ಸ್ಫಟಿಕದ ಕಣಗಳು ಧಾರಾಳ. ಸ್ಫಟಿಕ ಬೇರಿಂಗ್ ಉಕ್ಕಿಗಿಂತ ಗಟ್ಟಿ. ಗೋಲಿಗೂ ರಿಂಗಿಗೂ ನಡುವೆ ಒಂದು ಕಣ ಸಿಕ್ಕಿದರೆ ಅದು ಉಕ್ಕನ್ನು ಕೊರೆಯುತ್ತದೆ, ತಾನು ಪುಡಿಯಾಗಿ ಇನ್ನೂ ಹತ್ತು ಕಡೆ ಕೊರೆಯುತ್ತದೆ. ಅದರ ಮೇಲೆ ಉಪ್ಪಿನ ಪಸೆ ಸೇರಿದರೆ ಗುಳಿ ಬಿದ್ದಲ್ಲೆಲ್ಲ ತುಕ್ಕು ಕೂರುತ್ತದೆ. ಪೈಪ್ ನೀರು ಬಿಟ್ಟರೆ ಹೊರಗಿನ ಮರಳು ಸೀಲ್ ದಾಟಿ ಒಳಗೆ ಹೋಗುತ್ತದೆ. ಇದ್ದ ಎಣ್ಣೆಯೂ ತೊಳೆದು ಹೋಗುತ್ತದೆ. ಬೀಚಿನಿಂದ ಬಂದ ಬೋರ್ಡನ್ನು ತಲೆಕೆಳಗೆ ಹಿಡಿದು ಒಣ ಬ್ರಷ್‌ನಿಂದ ಗುಡಿಸಿ, ಸಾಕು. ನೀರು ತೋರಿಸಬೇಡಿ. ಕೆಂಪು ಮಣ್ಣಿನ ಧೂಳಿಗೂ ಇದೇ ಮಾತು.

ತೊಳೆಯುವುದು ಹೇಗೆ ಅಂತ ಆ ಹುಡುಗನಿಗೆ ತೋರಿಸಿದ್ದನ್ನೇ ಬರೆಯುತ್ತೇನೆ. ನಟ್ ಬಿಚ್ಚಿ ಗಾಲಿ ತೆಗೆಯಿರಿ. ಆಕ್ಸಲ್‌ನ ತುದಿಯನ್ನು ಬೇರಿಂಗಿಗೆ ಸಿಕ್ಕಿಸಿ ಗಾಲಿಯನ್ನು ಮೆಲ್ಲಗೆ ವಾಲಿಸಿದರೆ ಬೇರಿಂಗ್ ಹೊರಗೆ ಬರುತ್ತದೆ. ಗುಂಡುಸೂಜಿಯನ್ನು ರಬ್ಬರ್ ಸೀಲಿನ ಒಳ ಅಂಚಿಗೆ ಹಾಕಿ ಎಬ್ಬಿಸಿ, ಹೊರ ಅಂಚಿಗೆ ಹಾಕಿದರೆ ಸೀಲ್ ಹರಿಯುತ್ತದೆ. ಸೀಲ್‌ಗಳನ್ನು ಸೋಪಿನ ನೀರಿನಲ್ಲಿ ತೊಳೆದು ಒರೆಸಿಡಿ. ಬೇರಿಂಗುಗಳನ್ನು ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿಗೆ ಹಾಕಿ, ಮುಳುಗುವಷ್ಟು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಕುಲುಕಿ. ದಪ್ಪ ಗ್ರೀಸ್ ಇದ್ದರೆ ಮೊದಲು ಸೀಮೆಎಣ್ಣೆಯಲ್ಲಿ ಒಂದು ಸಲ, ಆಮೇಲೆ ಆಲ್ಕೊಹಾಲ್. ಪೆಟ್ರೋಲ್ ಬೇಡ. ಅಸಿಟೋನ್ ರಬ್ಬರನ್ನೂ ಕೆಲವು ಪ್ಲಾಸ್ಟಿಕ್ ಕೇಜ್‌ಗಳನ್ನೂ ಕೆಡಿಸುತ್ತದೆ. ಇದೆಲ್ಲ ಬೆಂಕಿ ಹಿಡಿಯುವ ವಸ್ತು. ಕಿಟಕಿ ತೆರೆದಿಡಿ, ಒಲೆಯ ಹತ್ತಿರ, ದೇವರ ದೀಪದ ಹತ್ತಿರ ಈ ಕೆಲಸ ಖಂಡಿತ ಬೇಡ.

ಕೊಳೆ ಬಂದ ದ್ರವ ಚೆಲ್ಲಿ ಹೊಸದು ಹಾಕಿ, ತಿಳಿಯಾಗುವ ತನಕ ಕುಲುಕಿ. ಆಮೇಲೆ ಒಣಗಿಸುವುದು. ಇಲ್ಲಿ ನನ್ನದೇ ಒಂದು ತಪ್ಪು ಹೇಳಬೇಕು. ವರ್ಕ್‌ಶಾಪ್ ಹಾಕಿದ ಮೊದಲ ಮಳೆಗಾಲ. ಒಂದು ಮಗುವಿನ ಸ್ಕೇಟಿನ 16 ಬೇರಿಂಗುಗಳನ್ನು ಚೆಂದ ಮಾಡಿ ತೊಳೆದು, ಬಟ್ಟೆ ಮೇಲೆ ಹರಡಿ, ಎಣ್ಣೆ ಬೆಳಿಗ್ಗೆ ಹಾಕಿದರಾಯಿತು ಅಂತ ಮನೆಗೆ ಹೋದೆ. ಜುಲೈ ತಿಂಗಳು, ರಾತ್ರಿಯಿಡೀ ಮಳೆ. ಬೆಳಿಗ್ಗೆ ಬಂದು ನೋಡಿದರೆ ರಿಂಗುಗಳ ಮೇಲೆಲ್ಲ ಕಂದು ಚುಕ್ಕಿ. ಪಸೆಯಿಲ್ಲದ ಬೆತ್ತಲೆ ಉಕ್ಕಿಗೆ ನಮ್ಮ ಗಾಳಿಯಲ್ಲಿ ಒಂದು ರಾತ್ರಿ ಸಾಕು. ಹದಿನಾರನ್ನೂ ನನ್ನ ದುಡ್ಡಿನಲ್ಲಿ ಬದಲಿಸಿ ಕೊಟ್ಟೆ. ಆ ದಿನದಿಂದ ಒಣಗಿದ ಮರುಕ್ಷಣವೇ ಎಣ್ಣೆ. ಬಟ್ಟೆಯಲ್ಲಿ ಒತ್ತಿ ಒರೆಸಿ, ಆಲ್ಕೊಹಾಲ್ ಪೂರ್ತಿ ಆರಿದ ಮೇಲೆ ಹೇರ್ ಡ್ರೈಯರ್‌ನಿಂದ ಎರಡು ನಿಮಿಷ ಬಿಸಿ ಗಾಳಿ ಕೊಟ್ಟು ಅಲ್ಲೇ ಎಣ್ಣೆ ಬಿಡುತ್ತೇನೆ. ಕಂಪ್ರೆಸರ್ ಗಾಳಿಯಿಂದ ಬೇರಿಂಗನ್ನು ಶಿಳ್ಳೆ ಹೊಡೆಯುವ ಹಾಗೆ ತಿರುಗಿಸುವ ಚಟ ಕೆಲವರಿಗಿದೆ. ಒಣ ಬೇರಿಂಗಿಗೆ ಅದು ದೊಡ್ಡ ಪೆಟ್ಟು, ಮಾಡಬೇಡಿ.

ಯಾವ ಎಣ್ಣೆ? ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಹಾಕಿದರೆ ಬೇಸಿಗೆಗೆ ಸಾಕು, ಬೇಗ ಆರುವುದರಿಂದ ಆಗಾಗ ಹಾಕಬೇಕು. ಸ್ಕೇಟ್ ಬೇರಿಂಗಿನ ಎಣ್ಣೆ ಸಿಕ್ಕಿದರೆ ಇನ್ನೂ ಒಳ್ಳೆಯದು. ಮಳೆಗಾಲಕ್ಕೆ ನಾನು ತೆಳುವಾದ ಲಿಥಿಯಂ ಗ್ರೀಸನ್ನು ಕಡ್ಡಿಯ ತುದಿಯಲ್ಲಿ ತೆಗೆದು ಗೋಲಿಗಳ ನಡುವೆ ಹಚ್ಚುತ್ತೇನೆ. ಸ್ವಲ್ಪ ಭಾರ ಅನ್ನಿಸುತ್ತದೆ, ಆದರೆ ತೇವ ಒಳಗೆ ಬರಲು ಬಿಡುವುದಿಲ್ಲ. ಡಬ್ಲ್ಯೂಡಿ-40 ಸ್ಪ್ರೇ ಹೊಡೆದು ತಂದರೆ ಮಾತ್ರ ಬೇಸರವಾಗುತ್ತದೆ. ಅದರ ಹೆಸರಿನಲ್ಲೇ ನೀರು ಓಡಿಸುವುದು ಅಂತ ಇದೆ. ಇದ್ದ ಗ್ರೀಸ್ ಕರಗಿಸಿ ಹೊರಗೆ ಹಾಕುತ್ತದೆ, ತಾನೂ ಹೆಚ್ಚು ದಿನ ನಿಲ್ಲುವುದಿಲ್ಲ. ಇನ್ನು ತೆಂಗಿನೆಣ್ಣೆ. ಮನೆಯಲ್ಲಿ ಕೈಗೆ ಸಿಗುವುದು ಅದೇ ಅಲ್ವಾ? ಅಜ್ಜಿ ಬಾಗಿಲಿನ ಕೀಲಿಗೆ ಬಿಟ್ಟದ್ದನ್ನು ನೋಡಿದ ಮಕ್ಕಳು ಬೇರಿಂಗಿಗೂ ಬಿಡುತ್ತಾರೆ. ಮೊದಲ ದಿನ ಸೊಗಸಾಗಿ ಓಡುತ್ತದೆ. ಸ್ವಲ್ಪ ದಿನ ಹೋದರೆ ಧೂಳು ಸೇರಿ ಅಂಟಾಗುತ್ತದೆ, ಚಳಿಗೆ ಗಟ್ಟಿಯಾಗುತ್ತದೆ. ಅಂಥದ್ದನ್ನು ಬಿಡಿಸಲು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಹಾಕಬೇಕಾಗುತ್ತದೆ.

ವಾಪಸ್ ಹಾಕುವಾಗ ಸುತ್ತಿಗೆ ಮುಟ್ಟಬೇಡಿ. ಒಳ ರಿಂಗಿನ ಮೇಲೆ ಹೊಡೆದರೆ ಆ ಏಟು ಗೋಲಿಗಳ ಮೂಲಕ ಹೊರ ರಿಂಗಿಗೆ ಹೋಗಿ, ಗೋಲಿ ಕೂತಲ್ಲೆಲ್ಲ ತಗ್ಗು ಬೀಳುತ್ತದೆ. ಹೊರ ರಿಂಗಿಗೆ ಸರಿಯಾಗಿ ಕೂರುವ ಎರಡು ದಪ್ಪ ವಾಷರ್, ಒಂದು ಬೋಲ್ಟ್, ನಟ್ ಇದ್ದರೆ ಸ್ಪಾನರ್‌ನಿಂದ ಬಿಗಿಯುತ್ತಾ ಒತ್ತಿ ಕೂರಿಸಬಹುದು. ಎರಡು ಬೇರಿಂಗ್ ನಡುವೆ 10 ಮಿಲಿಮೀಟರ್‌ನ ಸ್ಪೇಸರ್ ಕೊಳವೆ ಹಾಕಿ. ಅದು ಇಲ್ಲದೆ ನಟ್ ಬಿಗಿದರೆ ಒಳ ರಿಂಗುಗಳು ಒಂದರ ಕಡೆಗೆ ಒಂದು ಸರಿಯುತ್ತವೆ, ಗೋಲಿ ದಾರಿಯ ನಡುವೆ ಓಡದೆ ಅಂಚಿಗೆ ಉಜ್ಜುತ್ತದೆ. ಗಾಲಿಯ ಎರಡೂ ಬದಿಗೆ ತೆಳು ವಾಷರ್ ಬೇಕು, ಇಲ್ಲದಿದ್ದರೆ ನಟ್ ಸೀಲಿಗೆ ತಾಗುತ್ತದೆ. ನಟ್ ಪೂರ್ತಿ ಬಿಗಿದು ಕೂದಲೆಳೆಯಷ್ಟು ಹಿಂದೆ ತಿರುಗಿಸಿ, ಗಾಲಿ ಅಕ್ಕಪಕ್ಕ ಸ್ವಲ್ಪ ಆಡುವಷ್ಟು.

ಯಾವುದನ್ನು ಉಳಿಸುವುದು, ಯಾವುದನ್ನು ಎಸೆಯುವುದು ಅಂತ ಬೆರಳೇ ಹೇಳುತ್ತದೆ. ತೊಳೆದು ಎಣ್ಣೆ ಹಾಕಿದ ಬೇರಿಂಗನ್ನು ಎರಡು ಬೆರಳಲ್ಲಿ ಹಿಡಿದು, ಒಳ ರಿಂಗನ್ನು ಸ್ವಲ್ಪ ಒತ್ತಿ, ತುಂಬ ನಿಧಾನವಾಗಿ ತಿರುಗಿಸಿ. ಊಟದ ನಡುವೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಒಂದೇ ಜಾಗದಲ್ಲಿ ಪ್ರತಿ ಸಲ ತಡೆದರೆ ಅಲ್ಲಿ ಗುಳಿ ಬಿದ್ದಿದೆ. ಇನ್ನೊಮ್ಮೆ ತೊಳೆದು ನೋಡಿ. ಆಗಲೂ ತಡೆದರೆ ಎಸೆಯಿರಿ. ಕೇಜ್ ಬಿರುಕು ಬಿಟ್ಟಿದ್ದರೆ ಯೋಚನೆಯೇ ಬೇಡ, ಓಡುವಾಗ ಅದು ಮುರಿದರೆ ಗಾಲಿ ಅಲ್ಲೇ ಹಿಡಿದುಕೊಂಡು ನೀವು ಕಾಂಕ್ರೀಟ್ ರಸ್ತೆಗೆ ಮುಗ್ಗರಿಸುತ್ತೀರಿ.

ಆ ಹುಡುಗನ ಎಂಟರಲ್ಲಿ ಐದು ಉಳಿದವು. ಮೊದಲ ನಾಲ್ಕನ್ನು ನಾನು ತೊಳೆದೆ, ಉಳಿದ ನಾಲ್ಕನ್ನು ಅವನ ಕೈಯಲ್ಲೇ ಮಾಡಿಸಿದೆ. ಮೊದಲನೆಯದರ ಸೀಲ್ ಎಬ್ಬಿಸಲು ಹತ್ತು ನಿಮಿಷ ಹಿಡಿಯಿತು, ನಾಲ್ಕನೆಯದಕ್ಕೆ ಅರ್ಧ ನಿಮಿಷ. ಕಡಿಮೆ ಬಿದ್ದ ಮೂರಕ್ಕೆ ನನ್ನ ಡಬ್ಬಿಯಿಂದ ಮೋಟಾರಿನ 608 ತೆಗೆದು, ಗ್ರೀಸ್ ತೊಳೆದು ಹಾಕಿದೆವು. ಬೋರ್ಡನ್ನು ನೆಲಕ್ಕಿಟ್ಟು ಕಾಲಿನಿಂದ ಮೆಲ್ಲಗೆ ದೂಡಿದ. ಅದು ಸದ್ದಿಲ್ಲದೆ ಹೋಗಿ ಬಾಗಿಲ ಹೊಸ್ತಿಲಿಗೆ ತಾಗಿ ನಿಂತಿತು. ಹೊರಗೆ ಮಳೆ ಸುರಿಯುತ್ತಿತ್ತು. ಅವನು ಬೋರ್ಡ್ ಎತ್ತಿಕೊಂಡು ಒಂದು ಕ್ಷಣ ಮಳೆ ನೋಡಿದ. "ಅಣ್ಣಾ, ಒಂದು ಪ್ಲಾಸ್ಟಿಕ್ ಚೀಲ ಉಂಟಾ?" ಅಂದ.