‘ನಮ್ಮವನು’ ಯಾರು? ಅಥ್ಲೆಟಿಕ್ ಬಿಲ್ಬಾವೊ ಕ್ಲಬ್ ಬಗ್ಗೆ ಅಧ್ಯಯನ ಟಿಪ್ಪಣಿ

ಒಂದು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ ಓದಲು ಕೂತರೆ ನಾವು ಮೊದಲು ಎಣಿಸುವುದು ಕಪ್‌ಗಳನ್ನು. ಅಥ್ಲೆಟಿಕ್ ಬಿಲ್ಬಾವೊ ವಿಷಯದಲ್ಲಿ ಆ ಲೆಕ್ಕ ಬೇಗ ಮುಗಿಯುತ್ತದೆ. ಸ್ಪೇನ್‌ನ ಅಗ್ರ ದರ್ಜೆಯ ಲೀಗ್ ಆದ ಲಾ ಲೀಗಾ 8 ಸಲ, ಅಲ್ಲಿನ ನಾಕೌಟ್ ಕಪ್ ಆದ ಕೋಪಾ ದೆಲ್ ರೇ 24 ಸಲ. 1929ರಲ್ಲಿ ಲೀಗ್ ಶುರುವಾದಾಗಿನಿಂದ ಒಮ್ಮೆಯೂ ಎರಡನೇ ದರ್ಜೆಗೆ ಇಳಿಯದ ಕ್ಲಬ್‌ಗಳು ಮೂರೇ. ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಮೂರನೆಯದು ಇದು.

ಇಷ್ಟನ್ನು ಬಾಯಿಪಾಠ ಮಾಡಿದರೂ ಈ ಕ್ಲಬ್ ಅರ್ಥವಾಗುವುದಿಲ್ಲ. ಯಾಕೆಂದರೆ ಇದು ಬಾಸ್ಕ್ ಆಟಗಾರರನ್ನು ಮಾತ್ರ ಆಡಿಸುವ ಕ್ಲಬ್. ಬಾಸ್ಕ್ ನಾಡು ಎಂದರೆ ಸ್ಪೇನ್‌ನ ಉತ್ತರದಲ್ಲಿ, ಫ್ರಾನ್ಸ್ ಗಡಿಯ ಎರಡೂ ಬದಿಗೆ ಹರಡಿರುವ, ತನ್ನದೇ ಭಾಷೆಯುಳ್ಳ ಪ್ರದೇಶ; ಬಿಲ್ಬಾವೊ ಅಲ್ಲಿನ ಊರು. ಆಟಗಾರ ಆ ನಾಡಿನಲ್ಲಿ ಹುಟ್ಟಿರಬೇಕು, ಇಲ್ಲವೇ ಅಲ್ಲಿನ ಯಾವುದಾದರೂ ಕ್ಲಬ್ಬಿನ ಕಿರಿಯರ ತಂಡದಲ್ಲಿ ಆಟ ಕಲಿತಿರಬೇಕು. ಆ ನಾಡಿನ ಜನಸಂಖ್ಯೆ ಸುಮಾರು 30 ಲಕ್ಷ. ಎದುರಾಳಿಗಳು ಇಡೀ ಜಗತ್ತಿನಿಂದ ಆಟಗಾರರನ್ನು ಕೊಳ್ಳುತ್ತಾರೆ. ಇವರು ಹಾಗೆ ಕೊಳ್ಳುವುದಿಲ್ಲ. ಯಾರೂ ಇದನ್ನು ಅವರ ಮೇಲೆ ಹೇರಿಲ್ಲ. ತಾವೇ ಎಳೆದುಕೊಂಡ ಗೆರೆ ಇದು.

ಹಾಗಾಗಿ ನಾನು ಇದನ್ನು ಓದುವಾಗ ಒಂದೇ ಪ್ರಶ್ನೆ ಹಿಡಿದುಕೊಂಡೆ: ಯಾವ ಕಾಲದಲ್ಲಿ ಈ ಕ್ಲಬ್ ಯಾರನ್ನು ‘ನಮ್ಮವನು’ ಎಂದಿತು? ಉತ್ತರ ಪ್ರತಿ ಕಾಲಕ್ಕೂ ಸ್ವಲ್ಪ ಸ್ವಲ್ಪ ಬದಲಾಗಿದೆ. ನಿಜವಾದ ಚರಿತ್ರೆ ಇರುವುದೇ ಆ ಬದಲಾವಣೆಯಲ್ಲಿ.

ಇಂಗ್ಲಿಷ್ ಬೇರು

ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಿಲ್ಬಾವೊ ಕಬ್ಬಿಣದ ಊರು. ಸುತ್ತಲಿನ ಬೆಟ್ಟಗಳಿಂದ ತೆಗೆದ ಅದಿರು ನೆರ್ವಿಯೊನ್ ನದಿಯ ದಾರಿಯಲ್ಲಿ ಬ್ರಿಟನ್‌ಗೆ ಹೋಗುತ್ತಿತ್ತು. ಅಲ್ಲಿಂದ ಕಲ್ಲಿದ್ದಲು ಬರುತ್ತಿತ್ತು, ಜೊತೆಗೆ ಗಣಿಯವರು, ಹಡಗುಕಟ್ಟೆಯ ಕೆಲಸಗಾರರು ಬರುತ್ತಿದ್ದರು. ಅವರು ನದಿದಂಡೆಯ ಬಯಲಿನಲ್ಲಿ ಚೆಂಡು ಒದೆಯುತ್ತಿದ್ದರು. ಇತ್ತ ಉಳ್ಳವರ ಮನೆಯ ಬಾಸ್ಕ್ ಹುಡುಗರು ಓದಲು ಬ್ರಿಟನ್‌ಗೆ ಹೋಗಿ ಅದೇ ಆಟದ ಹುಚ್ಚು ಹಿಡಿಸಿಕೊಂಡು ಬಂದರು. ಈ ಎರಡೂ ಕಡೆಯವರು ಸೇರಿದ್ದರಿಂದ ಹುಟ್ಟಿದ್ದು ಅಥ್ಲೆಟಿಕ್. ಕ್ಲಬ್ ತನ್ನ ಹುಟ್ಟಿದ ವರ್ಷವನ್ನು 1898 ಎನ್ನುತ್ತದೆ. 

ಹೆಸರನ್ನು ಸರಿಯಾಗಿ ಗಮನಿಸಿ. ಸ್ಪ್ಯಾನಿಷ್‌ನ ‘ಅಟ್ಲೆಟಿಕೊ’ ಅಲ್ಲ, ಇಂಗ್ಲಿಷಿನ ‘ಅಥ್ಲೆಟಿಕ್’. ಅಧಿಕೃತ ಹೆಸರು ಬರೀ ‘ಅಥ್ಲೆಟಿಕ್ ಕ್ಲಬ್’. ಊರಿನ ಹೆಸರು ಸೇರಿಸುವುದು ನಾವು ಹೊರಗಿನವರು. ಮ್ಯಾಡ್ರಿಡ್‌ನಲ್ಲಿ ಓದುತ್ತಿದ್ದ ಬಾಸ್ಕ್ ವಿದ್ಯಾರ್ಥಿಗಳು 1903ರಲ್ಲಿ ಇದರ ಒಂದು ಶಾಖೆ ತೆರೆದರು. ಅದೇ ಮುಂದೆ ಅಟ್ಲೆಟಿಕೊ ಮ್ಯಾಡ್ರಿಡ್ ಆಯಿತು.

ಜರ್ಸಿಯ ಕತೆಯೂ ಹೀಗೇ ಇದೆ. ಮೊದಲು ತೊಡುತ್ತಿದ್ದದ್ದು ನೀಲಿ-ಬಿಳಿ, ಬ್ಲ್ಯಾಕ್‌ಬರ್ನ್ ರೋವರ್ಸ್ ಮಾದರಿ. 1909ರ ಕೊನೆಯಲ್ಲಿ ಹುವಾನ್ ಎಲೊರ್ದುಯ್ ಎಂಬ ಸದಸ್ಯ ಹೊಸ ಜರ್ಸಿ ತರಲು ಇಂಗ್ಲೆಂಡ್‌ಗೆ ಹೋದರು. ಬೇಕಾದಷ್ಟು ನೀಲಿ-ಬಿಳಿ ಸಿಗಲಿಲ್ಲ. ಹಡಗು ಹತ್ತುವ ಊರಾದ ಸೌತಾಂಪ್ಟನ್‌ನಲ್ಲಿ ಅಲ್ಲಿನ ಕ್ಲಬ್ಬಿನ ಕೆಂಪು-ಬಿಳಿ ಪಟ್ಟೆಯ ಜರ್ಸಿ ಕಂಡಿತು. ಕೆಂಪು-ಬಿಳಿ ಬಿಲ್ಬಾವೊ ನಗರದ ಬಣ್ಣವೂ ಹೌದು. ಅದನ್ನೇ ಕಟ್ಟಿಸಿಕೊಂಡು ಬಂದರು. 1910ರಿಂದ ಅದೇ ಅಥ್ಲೆಟಿಕ್ ಬಣ್ಣ, ಮ್ಯಾಡ್ರಿಡ್ ಶಾಖೆಯ ಬಣ್ಣವೂ ಅದೇ ಆಯಿತು. ಅಟ್ಲೆಟಿಕೊ ಮ್ಯಾಡ್ರಿಡ್ ಇವತ್ತಿಗೂ ಕೆಂಪು-ಬಿಳಿ ಪಟ್ಟೆ ತೊಡುವುದು ಈ ಕಾರಣಕ್ಕೆ.

ಗೆರೆ ಎಳೆದದ್ದು ಯಾವಾಗ?

ಆರಂಭದ ತಂಡಗಳಲ್ಲಿ ಇಂಗ್ಲಿಷ್ ಆಟಗಾರರು ಇದ್ದೇ ಇದ್ದರು. 1911ರ ಕೋಪಾದಲ್ಲಿ ಅಥ್ಲೆಟಿಕ್ ಇಂಗ್ಲಿಷರನ್ನು ಆಡಿಸಿದ್ದಕ್ಕೆ ಬೇರೆ ತಂಡಗಳು ತಕರಾರು ತೆಗೆದವು. ದೊಡ್ಡ ಜಗಳವೇ ಆಯಿತು. ಆ ಮೇಲೆ ಕ್ಲಬ್ ಊರಿನ ಹುಡುಗರನ್ನೇ ನೆಚ್ಚಿಕೊಂಡಿತು. ನನಗೆ ಇಲ್ಲಿ ಮುಖ್ಯ ಅನಿಸುವುದು ಒಂದು ಮಾತು. ‘ನಮ್ಮವರೇ ಸಾಕು’ ಎಂಬ ನೀತಿ ಯಾವುದೋ ಘೋಷಣೆಯಿಂದ ಒಂದೇ ದಿನ ಹುಟ್ಟಲಿಲ್ಲ. ಮೊದಲು ಅದು ಒಂದು ಜಗಳದ ನಂತರದ ಅಭ್ಯಾಸ. ಗೆಲ್ಲುತ್ತಾ ಹೋದಂತೆ ಅಭ್ಯಾಸ ಹೆಮ್ಮೆಯಾಯಿತು, ಹೆಮ್ಮೆ ನಿಯಮವಾಯಿತು.

ಆದರೆ ಈ ನಿಯಮ ಕೋಚ್‌ಗೆ ಅನ್ವಯಿಸುವುದಿಲ್ಲ. ಇದನ್ನು ಬಹಳ ಜನ ಮರೆಯುತ್ತಾರೆ. ಕ್ಲಬ್ಬಿನ ಮೊದಲ ಸುವರ್ಣಕಾಲ ಕಟ್ಟಿದ್ದೇ ಇಂಗ್ಲಿಷ್ ಕೋಚ್ ಫ್ರೆಡ್ ಪೆಂಟ್‌ಲ್ಯಾಂಡ್. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಬಂಧನ ಶಿಬಿರದಲ್ಲಿದ್ದವರು. ಸದಾ ತಲೆ ಮೇಲೆ ದುಂಡನೆಯ ಟೊಪ್ಪಿ. ದೊಡ್ಡ ಪಂದ್ಯ ಗೆದ್ದರೆ ಹುಡುಗರು ಆ ಟೊಪ್ಪಿ ಕಿತ್ತುಕೊಂಡು ತುಳಿದು ಚಪ್ಪಟೆ ಮಾಡುತ್ತಿದ್ದರು. ಚೆಂಡನ್ನು ಸುಮ್ನೆ ಎತ್ತಿ ಒದೆಯುವ ಆಟ ಬಿಡಿಸಿ, ಸಣ್ಣ ಸಣ್ಣ ಪಾಸ್ ಕೊಡುವ ಆಟ ಕಲಿಸಿದರು. 1929-30ರ ಲೀಗನ್ನು ಅಥ್ಲೆಟಿಕ್ ಒಂದೂ ಪಂದ್ಯ ಸೋಲದೆ ಗೆದ್ದಿತು. ಮರುವರ್ಷ ಮತ್ತೆ ಲೀಗ್. 1930ರಿಂದ 1933ರವರೆಗೆ ನಾಲ್ಕೂ ವರ್ಷ ಕೋಪಾ. 1931ರ ಫೆಬ್ರವರಿಯಲ್ಲಿ ಬಾರ್ಸಿಲೋನಾವನ್ನು 12-1ರಿಂದ ಸೋಲಿಸಿದರು. ಅದರಲ್ಲಿ ಬಾತಾ ಎಂಬ ಆಟಗಾರ ಒಬ್ಬರದೇ 7 ಗೋಲು.

ಸಾನ್ ಮಾಮೆಸ್ ಮತ್ತು ಪಿಚಿಚಿ

1913ರಲ್ಲಿ ಸಾನ್ ಮಾಮೆಸ್ ಮೈದಾನ ಶುರುವಾಯಿತು. ಜನ ಅದನ್ನು ‘ಲಾ ಕತೆದ್ರಾಲ್’ ಎನ್ನುತ್ತಾರೆ, ಅಂದರೆ ದೊಡ್ಡ ಇಗರ್ಜಿ. ಸಂತ ಮಾಮೆಸ್‌ನನ್ನು ಸಿಂಹಗಳ ಮುಂದೆ ಎಸೆದರೂ ಅವು ಅವನನ್ನು ತಿನ್ನಲಿಲ್ಲವಂತೆ. ಹಾಗಾಗಿ ಇಲ್ಲಿನ ಆಟಗಾರರಿಗೆ ‘ಸಿಂಹಗಳು’ ಎಂಬ ಹೆಸರು.

ಆ ಮೈದಾನದಲ್ಲಿ ಮೊದಲ ಗೋಲು ಹೊಡೆದವರು ರಫಾಯೆಲ್ ಮೊರೆನೊ. ಸಣ್ಣ ಆಳು, ತಲೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದರು. ಎಲ್ಲರಿಗೂ ಅವರು ‘ಪಿಚಿಚಿ’. 1922ರಲ್ಲಿ ಟೈಫಸ್ ಜ್ವರದಿಂದ 29ನೇ ವಯಸ್ಸಿಗೇ ತೀರಿಕೊಂಡರು. ಲಾ ಲೀಗಾದಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಪ್ರಶಸ್ತಿಗೆ ಇವತ್ತಿಗೂ ಅವರದೇ ಹೆಸರು. 1926ರಿಂದ ಮೈದಾನದಲ್ಲಿ ಅವರ ಎದೆಮಟ್ಟದ ಪ್ರತಿಮೆ ಇದೆ. ಮೊದಲ ಸಲ ಸಾನ್ ಮಾಮೆಸ್‌ಗೆ ಆಡಲು ಬರುವ ತಂಡದ ಕ್ಯಾಪ್ಟನ್ ಅದರ ಮುಂದೆ ಹೂವಿಟ್ಟು ಆಡಲು ಇಳಿಯುತ್ತಾನೆ. ಎದುರಾಳಿಯೂ ತಲೆಬಾಗುವ ಈ ಪದ್ಧತಿ ನನಗೆ ತುಂಬ ಇಷ್ಟ.

ಯುದ್ಧ, ಹೆಸರು, ಬಾವುಟ

ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ. ಕ್ಲಬ್ಬಿನ ನೀತಿಗೆ ರಾಜಕೀಯದ ತೂಕ ಬಂದದ್ದು ಇಲ್ಲಿ.

1936ರಲ್ಲಿ ಅಥ್ಲೆಟಿಕ್ ಲೀಗ್ ಗೆದ್ದಿತು. ಕೆಲವೇ ತಿಂಗಳಲ್ಲಿ ಅಂತರ್ಯುದ್ಧ ಶುರು. ಆಗ ಬಾಸ್ಕ್ ಸರ್ಕಾರದ ಅಧ್ಯಕ್ಷರಾದ ಹೊಸೆ ಆಂತೊನಿಯೊ ಅಗಿರೆ ಹಿಂದೆ ಇದೇ ಅಥ್ಲೆಟಿಕ್‌ಗೆ ಆಡಿದವರು. 1937ರಲ್ಲಿ ‘ಎಉಸ್ಕಾದಿ’ ಎಂಬ ಬಾಸ್ಕ್ ತಂಡ ಯುರೋಪಿನಲ್ಲಿ ಪಂದ್ಯ ಆಡಲು ಹೊರಟಿತು. ಅದರಲ್ಲಿ ಹಲವರು ಅಥ್ಲೆಟಿಕ್‌ನವರು. ಅವರು ಹೊರಗಿದ್ದಾಗಲೇ ಬಿಲ್ಬಾವೊ, ಸರ್ಕಾರದ ವಿರುದ್ಧ ದಂಗೆ ಎದ್ದಿದ್ದ ಜನರಲ್ ಫ್ರಾಂಕೊನ ಪಡೆಯ ಕೈಗೆ ಬಿತ್ತು. ತಂಡ ಅಮೆರಿಕ ಖಂಡಕ್ಕೆ ಹೋಯಿತು, ಬಹಳ ಜನ ಅಲ್ಲೇ ಉಳಿದುಬಿಟ್ಟರು. ಒಂದು ಇಡೀ ಪೀಳಿಗೆಯ ಆಟಗಾರರು ಹೀಗೆ ಚದುರಿಹೋದರು.

ಯುದ್ಧ ಗೆದ್ದ ಫ್ರಾಂಕೊ ಸ್ಪೇನ್‌ನ ಸರ್ವಾಧಿಕಾರಿಯಾದ. 1941ರಲ್ಲಿ ಅವನ ಸರ್ಕಾರ ವಿದೇಶಿ ಹೆಸರುಗಳನ್ನು ನಿಷೇಧಿಸಿತು. ಅಥ್ಲೆಟಿಕ್ ‘ಅಟ್ಲೆಟಿಕೊ ಬಿಲ್ಬಾವೊ’ ಆಗಬೇಕಾಯಿತು. ಬಾಸ್ಕ್ ಭಾಷೆ, ಬಾವುಟ ಎಲ್ಲಕ್ಕೂ ಬೀಗ. ಇಂಥ ಹೊತ್ತಿನಲ್ಲಿ ಬಾಸ್ಕ್ ಹುಡುಗರೇ ತುಂಬಿದ ತಂಡ ಎಂದರೆ ಜನರಿಗೆ ಏನನ್ನಿಸಿರಬೇಕು, ಯೋಚಿಸಿ. ಬಾಯಿಬಿಟ್ಟು ಹೇಳಲಾಗದ್ದನ್ನು ವಾರಕ್ಕೊಮ್ಮೆ ಮೈದಾನದಲ್ಲಿ ಕಣ್ಣಾರೆ ನೋಡಬಹುದಿತ್ತು.

ಈ ಕಾಲದ ಹೀರೋ ತೆಲ್ಮೊ ಸಾರ್ರಾ. ಲೀಗ್‌ನಲ್ಲಿ 251 ಗೋಲು. ಆ ದಾಖಲೆ 2014ರಲ್ಲಿ ಮೆಸ್ಸಿ ಮುರಿಯುವವರೆಗೂ ಹಾಗೇ ಇತ್ತು. 1958ರ ಕೋಪಾ ಫೈನಲ್ ಕೂಡ ನೆನಪಿಡಿ. ಎದುರಿಗೆ ಯುರೋಪಿನ ಚಾಂಪಿಯನ್ ರಿಯಲ್ ಮ್ಯಾಡ್ರಿಡ್, ಡಿ ಸ್ಟೆಫಾನೊ ಇದ್ದ ತಂಡ. ಆಟ ನಡೆದದ್ದೂ ಮ್ಯಾಡ್ರಿಡ್‌ನ ಸ್ವಂತ ಮೈದಾನದಲ್ಲಿ. ಅಥ್ಲೆಟಿಕ್ 2-0ಯಿಂದ ಗೆದ್ದಿತು. ಅಂದಿನಿಂದ ಆ ತಂಡಕ್ಕೆ ‘ಹನ್ನೊಂದು ಹಳ್ಳಿಗರು’ ಎಂಬ ಹೆಸರು ನಿಂತಿತು. ಕ್ಲಬ್ಬಿನವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ.

ಹಳೆಯ ಹೆಸರು 1972ರಲ್ಲಿ ವಾಪಸ್ ಬಂತು. ಫ್ರಾಂಕೊ 1975ರಲ್ಲಿ ತೀರಿಕೊಂಡ. 1976ರ ಡಿಸೆಂಬರ್ 5ರಂದು ರಿಯಲ್ ಸೊಸಿಯೆದಾದ್ ಜೊತೆ ಪಂದ್ಯ. ಎರಡೂ ಬಾಸ್ಕ್ ಕ್ಲಬ್‌ಗಳು, ಬದ್ಧ ಎದುರಾಳಿಗಳು. ಅಥ್ಲೆಟಿಕ್‌ನ ಗೋಲ್‌ಕೀಪರ್ ಇರಿಬಾರ್ ಮತ್ತು ಎದುರು ತಂಡದ ಕ್ಯಾಪ್ಟನ್ ಕೊರ್ತಾಬಾರಿಯಾ ಸೇರಿ, ಇನ್ನೂ ನಿಷೇಧದಲ್ಲಿದ್ದ ಬಾಸ್ಕ್ ಬಾವುಟ ‘ಇಕುರಿನ್ಯಾ’ವನ್ನು ಹಿಡಿದು ಮೈದಾನಕ್ಕೆ ಬಂದರು. ಮರುವರ್ಷ ಜನವರಿಯಲ್ಲಿ ಆ ನಿಷೇಧ ಹೋಯಿತು.

ಗೆರೆ ಸರಿಯುತ್ತಾ ಬಂದ ಬಗೆ

ಮೊದಮೊದಲು ‘ನಮ್ಮವನು’ ಎಂದರೆ ಬಿಲ್ಬಾವೊ ಇರುವ ಬಿಸ್ಕಾಯಾ ಪ್ರಾಂತ್ಯದವನು ಮಾತ್ರ. ಆಮೇಲೆ ಸ್ಪೇನ್ ಕಡೆಯ ಉಳಿದ ಪ್ರಾಂತ್ಯಗಳಾದ ಗಿಪುಸ್ಕೊವಾ, ಆಲಾವಾ, ನವಾರ್ರಾ ಸೇರಿದವು. 1996ರಲ್ಲಿ ಬಿಷೆಂತೆ ಲಿಸರಾಸು ಬಂದಾಗ ಫ್ರಾನ್ಸ್ ಕಡೆಯ ಬಾಸ್ಕ್ ನಾಡೂ ಲೆಕ್ಕಕ್ಕೆ ಬಂತು. ಮುಂದೆ ಐಮೆರಿಕ್ ಲಪೋರ್ಟ್. ಹುಟ್ಟಿದ್ದು ಫ್ರಾನ್ಸ್‌ನ ಆಜೆನ್‌ನಲ್ಲಿ, ಅದು ಬಾಸ್ಕ್ ನಾಡಿನ ಹೊರಗೆ. ಆದರೆ ಆಟ ಕಲಿತದ್ದು ಬಾಸ್ಕ್ ನೆಲದಲ್ಲಿ, ಆಮೇಲೆ ಅಥ್ಲೆಟಿಕ್‌ನ ಲೆಸಾಮಾದಲ್ಲಿ. ರಕ್ತಕ್ಕಿಂತ ಕಲಿಕೆಗೆ ತೂಕ ಜಾಸ್ತಿಯಾಯಿತು.

ಲೆಸಾಮಾ ಎಂದರೆ 1971ರಲ್ಲಿ ತೆರೆದ ತರಬೇತಿ ಕೇಂದ್ರ. ಕ್ಲಬ್ಬಿನ ಜೀವ ಇರುವುದು ಅಲ್ಲಿ. 2013ರಲ್ಲಿ ಹಳೆಯ ಸಾನ್ ಮಾಮೆಸ್ ಪಕ್ಕದಲ್ಲೇ ಹೊಸದು ಎದ್ದಿತು. ಹಳೆಯ ಸ್ಟೇಡಿಯಂನ ಬಿಳಿ ಕಮಾನನ್ನು ಆಮೇಲೆ ಲೆಸಾಮಾದಲ್ಲಿ ನಿಲ್ಲಿಸಿದರು. ಎಳೆಯ ಹುಡುಗರು ಅದನ್ನು ನೋಡುತ್ತಾ ಆಟ ಕಲಿಯುತ್ತಾರೆ.

ಹಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1990ರ ಕಾನೂನು ಸ್ಪೇನ್‌ನ ವೃತ್ತಿಪರ ಕ್ಲಬ್‌ಗಳನ್ನು ಕಂಪನಿಗಳನ್ನಾಗಿ ಮಾಡಿತು. ವಿನಾಯಿತಿ ಸಿಕ್ಕಿದ್ದು ನಾಲ್ಕಕ್ಕೆ, ಅದರಲ್ಲಿ ಅಥ್ಲೆಟಿಕ್ ಒಂದು. ಇವತ್ತಿಗೂ ಸದಸ್ಯರೇ ಒಡೆಯರು, ಅಧ್ಯಕ್ಷರನ್ನು ಮತ ಹಾಕಿ ಆರಿಸುತ್ತಾರೆ. ಆಟಗಾರನನ್ನು ಕೊಳ್ಳುವ ಯಾವ ಕ್ಲಬ್ ಬಂದರೂ ಇವರು ಆಟಗಾರನ ಕರಾರಿನಲ್ಲಿ ಬರೆದ ಬಿಡುಗಡೆಯ ಪೂರ್ತಿ ಮೊತ್ತ ಕೇಳುತ್ತಾರೆ. ಬದಲಿ ಆಟಗಾರ ಸುಲಭವಾಗಿ ಸಿಗುವುದಿಲ್ಲ, ಅದಕ್ಕೇ ಈ ಹಟ. 2018ರಲ್ಲಿ ಗೋಲ್‌ಕೀಪರ್ ಕೆಪಾಗೆ ಚೆಲ್ಸಿ ಕೊಟ್ಟದ್ದು 8 ಕೋಟಿ ಯೂರೊ.

ಈ ನೀತಿಯ ಮೇಲೆ ಟೀಕೆ ಇಲ್ಲವೇ? ಇದೆ. ಹೊರಗಿನವರನ್ನು ದೂರ ಇಡುವುದು ಸರಿಯೇ ಎಂದು ಕೇಳುತ್ತಾರೆ. ನೆರೆಯ ಬಾಸ್ಕ್ ಕ್ಲಬ್‌ಗಳ ಸಿಟ್ಟು ಬೇರೆ: ನಾವು ಬೆಳೆಸಿದ ಹುಡುಗರನ್ನು ನೀವು ಎತ್ತಿಕೊಂಡು ಹೋಗುತ್ತೀರಿ ಎಂದು. ಈ ಎರಡನೇ ಮಾತಿನಲ್ಲಿ ನಿಜ ಇದೆ. 1995ರಲ್ಲಿ 17 ವರ್ಷದ ಹೊಸೆಬಾ ಎಚೆಬೆರಿಯಾನನ್ನು ರಿಯಲ್ ಸೊಸಿಯೆದಾದ್‌ನಿಂದ ತಂದಾಗ ಎರಡು ಕ್ಲಬ್‌ಗಳ ಸಂಬಂಧವೇ ಕೆಟ್ಟಿತು. ಅದೇ ಎಚೆಬೆರಿಯಾ ತನ್ನ ಕೊನೆಯ ಸೀಸನ್ 2009-10ನ್ನು ಅಥ್ಲೆಟಿಕ್‌ಗೆ ಸಂಬಳವಿಲ್ಲದೆ ಆಡಿದರು. ಮೊದಲನೇ ಟೀಕೆಗೆ ನನ್ನ ಉತ್ತರ ವಾದವಲ್ಲ, ಒಂದು ಮನೆಯ ಕತೆ.

ವಿಲಿಯಮ್ಸ್ ಸಹೋದರರು

ಘಾನಾದಿಂದ ಹೊರಟ ಒಬ್ಬ ಗಂಡ, ಹೆಂಡತಿ ಸಹಾರಾ ಮರುಭೂಮಿಯನ್ನು ಒಂದಷ್ಟು ದೂರ ಕಾಲ್ನಡಿಗೆಯಲ್ಲೇ ದಾಟಿ ಸ್ಪೇನ್ ಮುಟ್ಟಿದರು. ಬಿಲ್ಬಾವೊದಲ್ಲಿ ಅವರಿಗೆ ನೆರವಾದವರು ಒಬ್ಬ ಪಾದ್ರಿ. 1994ರಲ್ಲಿ ಹುಟ್ಟಿದ ಮಗನಿಗೆ ಆ ಪಾದ್ರಿಯ ಬಾಸ್ಕ್ ಹೆಸರನ್ನೇ ಇಟ್ಟರು: ಇನ್ಯಾಕಿ. ಮಗುವಿಗೆ ಪಾದ್ರಿ ತಂದುಕೊಟ್ಟದ್ದು ಅಥ್ಲೆಟಿಕ್‌ನ ಕೆಂಪು-ಬಿಳಿ ಜರ್ಸಿ.

ಆ ಇನ್ಯಾಕಿ ವಿಲಿಯಮ್ಸ್ 2015ರಲ್ಲಿ ಅಥ್ಲೆಟಿಕ್ ಪರ ಗೋಲು ಹೊಡೆದ ಮೊದಲ ಕಪ್ಪು ಆಟಗಾರನಾದರು. 2016ರಿಂದ 2023ರವರೆಗೆ ಲೀಗ್‌ನಲ್ಲಿ ಒಂದನ್ನೂ ತಪ್ಪಿಸದೆ 251 ಪಂದ್ಯ ಆಡಿದರು. ಸಾರ್ರಾ ಗೋಲುಗಳ ಸಂಖ್ಯೆಯೂ ಅಷ್ಟೇ, ಅಲ್ವಾ? ತಮ್ಮ ನಿಕೊ ಹುಟ್ಟಿದ್ದು ನವಾರ್ರಾದ ಪಾಂಪ್ಲೋನಾದಲ್ಲಿ, ಕ್ಲಬ್ಬಿನ ಲೆಕ್ಕದಲ್ಲಿ ಅದೂ ಬಾಸ್ಕ್ ನಾಡೇ. ಅಣ್ಣ ಘಾನಾ ತಂಡಕ್ಕೆ ಆಡುತ್ತಾರೆ, ತಮ್ಮ ಸ್ಪೇನ್‌ಗೆ. ಇಬ್ಬರಿಗೂ ಕ್ಲಬ್ ಒಂದೇ.

ಕೊನೆಯದಾಗಿ ಗಬಾರಾ. ನೆರ್ವಿಯೊನ್‌ನಲ್ಲಿ ಸರಕು ಸಾಗಿಸುತ್ತಿದ್ದ ಚಪ್ಪಟೆ ದೋಣಿ ಅದು. 1983, 1984ರಲ್ಲಿ ಕೋಚ್ ಹಾವಿಯೆರ್ ಕ್ಲೆಮೆಂತೆ ಅವರ ತಂಡ ಲೀಗ್ ಗೆದ್ದಾಗ ಆಟಗಾರರು ಅದರಲ್ಲಿ ನಿಂತು ಊರಿಗೆ ಬಂದಿದ್ದರು. ಆಮೇಲೆ ದೋಣಿ ಸುಮ್ಮನೆ ಕಾಯಿತು. ನಡುವೆ ಸೂಪರ್ ಕಪ್‌ಗಳು ಬಂದವು, ಆದರೆ ಲೀಗ್, ಕೋಪಾ ಬರಲಿಲ್ಲ. ಎಷ್ಟೋ ಕೋಪಾ ಫೈನಲ್ ಸೋತರು. 2021ರ ಏಪ್ರಿಲ್‌ನಲ್ಲಂತೂ ಎರಡು ವಾರದಲ್ಲಿ ಎರಡು ಫೈನಲ್ ಸೋತರು. ಕೊನೆಗೆ 2024ರ ಏಪ್ರಿಲ್ 6ರಂದು ಸೆವಿಲ್ಲೆಯಲ್ಲಿ ಮಯೋರ್ಕಾ ಎದುರು 1-1, ಪೆನಾಲ್ಟಿ ಶೂಟೌಟ್‌ನಲ್ಲಿ 4-2. ನಲವತ್ತು ವರ್ಷದ ಮೇಲೆ ಕೋಪಾ ಮನೆಗೆ ಬಂತು. ಐದು ದಿನದ ನಂತರ ಗಬಾರಾ ನದಿಗಿಳಿಯಿತು. ಎರಡೂ ದಂಡೆಯಲ್ಲಿ ಲಕ್ಷಾಂತರ ಜನ. ಒಂದು ಕಾಲದಲ್ಲಿ ಇಂಗ್ಲೆಂಡಿನ ಹಡಗುಗಳು ಅದಿರು ತುಂಬಿಕೊಂಡು ಹೋಗುತ್ತಿದ್ದ ಅದೇ ನೀರಿನಲ್ಲಿ, ಇನ್ಯಾಕಿ ಮತ್ತು ನಿಕೊ ಕಪ್ ಎತ್ತಿ ತೋರಿಸುತ್ತಾ ಊರಿಗೆ ಬಂದರು.