ಹಳೆಯ ಪಿಕಪ್‌ನಲ್ಲಿ ಬಿಡದೆ ಕಾಡುವ ಲೀನ್ ಕೋಡ್: ಫ್ಯೂಯಲ್ ಟ್ರಿಮ್ ಓದಿ ಮೂಲ ಹುಡುಕುವುದು

ಸ್ಕ್ಯಾನರ್ ತೋರಿಸುವ ದೋಷದ ಕೋಡ್‌ಗಳಲ್ಲಿ ಪಿ0171 ಎಂದರೆ ಬ್ಯಾಂಕ್ 1 (ಎಂಜಿನ್‌ನ ಒಂದು ಸಾಲಿನ ಸಿಲಿಂಡರ್‌ಗಳು) ಲೀನ್, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ; ಪಿ0174 ಎಂದರೆ ಬ್ಯಾಂಕ್ 2 ಲೀನ್. ಕೋಡ್ ಕಂಡ ಕೂಡಲೇ ಎಕ್ಸಾಸ್ಟ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಬದಲಿಸುವವರೇ ಹೆಚ್ಚು. ಸ್ವಲ್ಪ ದಿನಕ್ಕೆ ಅದೇ ಕೋಡ್ ಮತ್ತೆ ಬರುತ್ತದೆ, ಯಾಕೆಂದರೆ ಬಹುಪಾಲು ಸಲ ಹಳೆಯ ಸೆನ್ಸರ್ ಸರಿಯಾಗಿಯೇ ಹೇಳುತ್ತಿತ್ತು. ಈ ಟಿಪ್ಪಣಿ ಓಬಿಡಿ-2 (ಗಾಡಿಯ ದೋಷ ಪತ್ತೆಯ ಕಂಪ್ಯೂಟರ್ ವ್ಯವಸ್ಥೆ) ಇರುವ, ಅಂದರೆ ಅಮೆರಿಕದಲ್ಲಿ ಸುಮಾರು 1996ರಿಂದ ಈಚಿನ ಪೆಟ್ರೋಲ್ ಪಿಕಪ್‌ಗಳ ಬಗ್ಗೆ. ಡೀಸೆಲ್‌ಗೆ ಇದು ಅನ್ವಯಿಸುವುದಿಲ್ಲ.

ಕಂಪ್ಯೂಟರ್ ಏನು ನೋಡುತ್ತದೆ

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿ ಇದಕ್ಕಿಂತ ಹೆಚ್ಚಾದರೆ ಅಥವಾ ಪೆಟ್ರೋಲ್ ಕಡಿಮೆಯಾದರೆ ಅದು ಲೀನ್, ಪೆಟ್ರೋಲ್ ಹೆಚ್ಚಾದರೆ ರಿಚ್. ಹಳೆಯ ಮಾದರಿಯ ಆಕ್ಸಿಜನ್ ಸೆನ್ಸರ್ ಲೀನ್ ಇದ್ದಾಗ 0.1 ವೋಲ್ಟ್ ಹತ್ತಿರ, ರಿಚ್ ಇದ್ದಾಗ 0.9 ವೋಲ್ಟ್ ಹತ್ತಿರ ತೋರಿಸುತ್ತದೆ. ನಡುವಿನ ಗಡಿ 0.45. ಕಂಪ್ಯೂಟರ್ ಅದನ್ನು ನೋಡಿ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಆ ಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್ ಟ್ರಿಮ್, ಕಲಿತು ನೆನಪಿಟ್ಟುಕೊಂಡದ್ದು ಲಾಂಗ್ ಟರ್ಮ್ ಟ್ರಿಮ್. ಎರಡೂ ಶೇಕಡಾ ಲೆಕ್ಕದಲ್ಲಿ ಬರುತ್ತವೆ, ಪ್ಲಸ್ ಎಂದರೆ ಪೆಟ್ರೋಲ್ ಹೆಚ್ಚಿಸುತ್ತಿದೆ. ಯಾವಾಗಲೂ ಎರಡನ್ನೂ ಕೂಡಿಸಿ ಓದಿ. ಲಾಂಗ್ +18, ಶಾರ್ಟ್ -16 ಇದ್ದರೆ ಈ ಗಳಿಗೆಯಲ್ಲಿ ಎಂಜಿನ್‌ಗೆ ಬೇಕಾದ ತಿದ್ದುಪಡಿ +2 ಮಾತ್ರ. ಬೇರೆ ಯಾವುದೋ ಸ್ಥಿತಿಯಲ್ಲಿ ಕಲಿತ ಪಾಠ ಇನ್ನೂ ಉಳಿದಿದೆ ಎಂದರ್ಥ.

ಮೊತ್ತ ±10ರೊಳಗೆ ಇದ್ದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ. +20 ದಾಟಿ +25ರ ಆಸುಪಾಸಿಗೆ ಹೋದಾಗ ಬಹಳಷ್ಟು ಗಾಡಿಗಳಲ್ಲಿ ಕೋಡ್ ಬೀಳುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಇದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ: ಶೇ. 10 ಎಥೆನಾಲ್ ಇರುವ ಇಂಧನದ ಸರಿ ಅನುಪಾತ ಸುಮಾರು 14.1, ಹಾಗಾಗಿ ಯಾವ ದೋಷವೂ ಇಲ್ಲದೆ ಟ್ರಿಮ್ ಮೂರು ನಾಲ್ಕು ಅಂಕ ಮೇಲಿರಬಹುದು.

ಸೆನ್ಸರ್ ಅಳೆಯುವುದು ಆಮ್ಲಜನಕವನ್ನೇ ಹೊರತು ಪೆಟ್ರೋಲನ್ನಲ್ಲ. ಆದ್ದರಿಂದ ಸುಳ್ಳು ಲೀನ್ ಕೂಡ ಉಂಟು. ಸೆನ್ಸರ್‌ಗಿಂತ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದ್ದರೆ ಅಥವಾ ಅದರ ಬೋಲ್ಟ್ ಮುರಿದಿದ್ದರೆ ಹೊಗೆಯ ಎರಡು ಮಿಡಿತಗಳ ನಡುವೆ ಹೊರಗಾಳಿ ಒಳಕ್ಕೆ ಎಳೆಯಲ್ಪಡುತ್ತದೆ. ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಉರಿಯದ ಗಾಳಿ ಹಾಗೆಯೇ ಸೆನ್ಸರ್ ತಲುಪುತ್ತದೆ; ಜೊತೆಗೆ ಬಂದ ಪೆಟ್ರೋಲ್ ಅದಕ್ಕೆ ಕಾಣುವುದೇ ಇಲ್ಲ. ಎಕ್ಸಾಸ್ಟ್‌ಗೆ ಗಾಳಿ ಊದುವ ಪಂಪ್ ಇರುವ ಗಾಡಿಗಳಲ್ಲಿ ಅದರ ವಾಲ್ವ್ ತೆರೆದೇ ಉಳಿದರೂ ಇದೇ ಕತೆ. ಮಿಸ್‌ಫೈರ್ ಕೋಡ್ ಜೊತೆಗಿದ್ದರೆ ಮೊದಲು ಅದನ್ನೇ ಸರಿಮಾಡಿ. ತಣ್ಣಗಿದ್ದಾಗ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಂತರೆ ಎಕ್ಸಾಸ್ಟ್ ಸೋರಿಕೆಯ ಅನುಮಾನ ಗಟ್ಟಿ.

ಕೋಡ್ ಅಳಿಸುವ ಮೊದಲು

ಫ್ರೀಜ್ ಫ್ರೇಮ್ (ಕೋಡ್ ಬಿದ್ದ ಗಳಿಗೆಯ ದಾಖಲೆ) ತೆಗೆದು ಬರೆದಿಟ್ಟುಕೊಳ್ಳಿ: ಆರ್‌ಪಿಎಂ, ಲೋಡ್, ಕೂಲಂಟ್ ತಾಪ, ಟ್ರಿಮ್‌ಗಳು. ಕೋಡ್ ಅಳಿಸಿದರೆ ಇದೂ ಹೋಗುತ್ತದೆ, ಕಲಿತ ಟ್ರಿಮ್ ಕೂಡ ಸಾಮಾನ್ಯವಾಗಿ ಸೊನ್ನೆಗೆ ಬರುತ್ತದೆ. ಬ್ಯಾಟರಿ ತಂತಿ ಬಿಚ್ಚಿದರೂ ಅಷ್ಟೆ.

ಎರಡೂ ಬ್ಯಾಂಕ್ ಸಮನಾಗಿ ಲೀನ್ ಇದ್ದರೆ ಕಾರಣ ಎರಡಕ್ಕೂ ಸಾಮಾನ್ಯವಾದದ್ದು: ಒಳಹೋಗುವ ಗಾಳಿ ಅಳೆಯುವ ಏರ್‌ಫ್ಲೋ ಸೆನ್ಸರ್, ಇಂಧನದ ಒತ್ತಡ, ಥ್ರಾಟಲ್ (ಗಾಳಿಯ ಬಾಗಿಲು) ಹತ್ತಿರದ ದೊಡ್ಡ ಸೋರಿಕೆ. ಒಂದೇ ಬ್ಯಾಂಕ್ ಆದರೆ ಆ ಕಡೆಯ ಇನ್‌ಟೇಕ್ ಗ್ಯಾಸ್ಕೆಟ್, ಎಕ್ಸಾಸ್ಟ್, ಇಂಜೆಕ್ಟರ್ ಅಥವಾ ಸೆನ್ಸರ್. ಸೆನ್ಸರ್ ಮೇಲೆ ಅನುಮಾನವಿದ್ದರೆ ಹೊಸದು ಕೊಳ್ಳಬೇಡಿ. ಕನೆಕ್ಟರ್ ಒಂದೇ ಥರ ಇದ್ದರೆ ಎರಡು ಬ್ಯಾಂಕ್‌ಗಳ ಮುಂದಿನ (ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ ಮೊದಲಿನ) ಆಕ್ಸಿಜನ್ ಸೆನ್ಸರ್ ಅದಲುಬದಲು ಮಾಡಿ ದೋಷ ಜೊತೆಯಲ್ಲಿ ಹೋಗುತ್ತದೆಯೇ ನೋಡಿ.

ಮೂರು ಜಾಗದ ಓದು

ಇಡೀ ಪತ್ತೆದಾರಿಕೆ ನಿಂತಿರುವುದು ಇದರ ಮೇಲೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಟ್ರಿಮ್ ಮೊತ್ತವನ್ನು ಮೂರು ಕಡೆ ಬರೆದುಕೊಳ್ಳಿ: ಐಡ್ಲಿಂಗ್‌ನಲ್ಲಿ, ನಿಂತಲ್ಲೇ 2500 ಆರ್‌ಪಿಎಂನಲ್ಲಿ, ಆಮೇಲೆ ರಸ್ತೆಯಲ್ಲಿ ಏರು ಹತ್ತುವಾಗ. ಕೊನೆಯದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಕೂತು ಸ್ಕ್ಯಾನರ್ ನೋಡಲಿ.

ವ್ಯಾಕ್ಯೂಮ್ ಲೀಕ್ (ಇನ್‌ಟೇಕ್‌ಗೆ ಹೊರಗಾಳಿ ನುಗ್ಗುವ ಸೋರಿಕೆ) ಇದ್ದರೆ ಐಡ್ಲಿಂಗ್‌ನಲ್ಲಿ ಟ್ರಿಮ್ ಮೇಲಿದ್ದು, ಆರ್‌ಪಿಎಂ ಏರಿದಂತೆ ಇಳಿಯುತ್ತದೆ. ಲೆಕ್ಕ ಹೀಗೆ: ಐಡ್ಲಿಂಗ್‌ನಲ್ಲಿ ಏರ್‌ಫ್ಲೋ ಸೆನ್ಸರ್ ಸೆಕೆಂಡಿಗೆ 5 ಗ್ರಾಂ ಅಳೆಯುತ್ತಿದೆ, ಬಿರುಕಿನಿಂದ 1 ಗ್ರಾಂ ಕಳ್ಳಗಾಳಿ ನುಗ್ಗುತ್ತಿದೆ ಎನ್ನೋಣ. ಕೊರತೆ ಶೇ. 20. ನಿಂತಲ್ಲೇ 2500ರಲ್ಲಿ ಅಳತೆ 20 ಗ್ರಾಂ ಆದರೆ ಅದೇ 1 ಗ್ರಾಂ ಬರೀ ಶೇ. 5. ಏರು ಹತ್ತುವಾಗ ಥ್ರಾಟಲ್ ತೆರೆದು ಇನ್‌ಟೇಕ್ ಮ್ಯಾನಿಫೋಲ್ಡ್‌ನ ಎಳೆತವೇ ಕಡಿಮೆಯಾಗುವುದರಿಂದ ಕಳ್ಳಗಾಳಿಯೂ ಹೆಚ್ಚುಕಡಿಮೆ ನಿಲ್ಲುತ್ತದೆ.

ಇದಕ್ಕೆ ತಿರುಗುಮುರುಗಾಗಿ, ಐಡ್ಲಿಂಗ್‌ನಲ್ಲಿ ಸರಿಯಿದ್ದು ಲೋಡ್ ಬಂದಂತೆ ಟ್ರಿಮ್ ಏರಿದರೆ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಏರ್‌ಫ್ಲೋ ಸೆನ್ಸರ್. ಎಲ್ಲ ಕಡೆಯೂ ಒಂದೇ ಸಮ ಮೇಲಿದ್ದರೆ ಕಡಿಮೆ ಇಂಧನ ಒತ್ತಡವನ್ನು ಮೊದಲು ನೋಡಿ.

ಇಲ್ಲಿ ಒಂದು ಬಲೆ ಇದೆ. ಏರ್‌ಫ್ಲೋ ಸೆನ್ಸರ್ ಇಲ್ಲದೆ, ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗಿನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನಿಂದ ಗಾಳಿ ಲೆಕ್ಕ ಹಾಕುವ ಪಿಕಪ್‌ಗಳಲ್ಲಿ, ಉದಾಹರಣೆಗೆ 90ರ ದಶಕದ ಡಾಡ್ಜ್ ರ್‍ಯಾಮ್‌ನ 5.2 ಮತ್ತು 5.9 ಲೀಟರ್ ಮ್ಯಾಗ್ನಮ್ ಎಂಜಿನ್‌ಗಳಲ್ಲಿ, ಮ್ಯಾನಿಫೋಲ್ಡ್‌ಗೆ ನುಗ್ಗಿದ ಕಳ್ಳಗಾಳಿ ಒತ್ತಡವಾಗಿ ಮ್ಯಾಪ್‌ಗೆ ಕಾಣುತ್ತದೆ, ಕಂಪ್ಯೂಟರ್ ಅದಕ್ಕೆ ತಕ್ಕ ಪೆಟ್ರೋಲ್ ಹಾಕಿಬಿಡುತ್ತದೆ. ಆಗ ಟ್ರಿಮ್ ಅಷ್ಟಾಗಿ ಕದಲದೆ ಐಡ್ಲಿಂಗ್ ಏರಬಹುದು. ಇಂಥ ಗಾಡಿಯಲ್ಲಿ ಲೀನ್ ಕೋಡ್ ಬಂದರೆ ಇಂಧನದ ಕಡೆಗೂ ಸುಳ್ಳು ಲೀನ್ ಕಡೆಗೂ ಮೊದಲು ಹೊರಳಿ. ಮ್ಯಾಗ್ನಮ್‌ನಲ್ಲಿ ಇನ್‌ಟೇಕ್ ಕೆಳಗಿನ ಪ್ಲೀನಮ್ ಗ್ಯಾಸ್ಕೆಟ್ ಒಡೆಯುವುದು ಹೆಸರುವಾಸಿ ದೋಷ. ಅದು ಆಯಿಲನ್ನೂ ಎಳೆದು ಕುಡಿಯುತ್ತದೆ.

ಕಳ್ಳಗಾಳಿ ಹುಡುಕುವುದು

ಕಿವಿಯಿಂದ ಶುರುಮಾಡಿ, ಆದರೆ ಕಿವಿಯನ್ನೇ ನಂಬಬೇಡಿ. ಐಡ್ಲಿಂಗ್‌ನಲ್ಲಿ ಶಾರ್ಟ್ ಟರ್ಮ್ ಟ್ರಿಮ್ ನೋಡುತ್ತಾ, ಹಲ್ಲಿಲ್ಲದ ಇಕ್ಕಳದಿಂದ ಒಂದೊಂದೇ ವ್ಯಾಕ್ಯೂಮ್ ಹೋಸ್ ಹಿಸುಕಿ: ಬ್ರೇಕ್ ಬೂಸ್ಟರ್‌ದು, ಟ್ಯಾಂಕಿನ ಪೆಟ್ರೋಲ್ ಆವಿ ಬಿಡುವ ಪರ್ಜ್ ವಾಲ್ವ್‌ದು, ಪಿಸಿವಿದು (ಎಂಜಿನ್ ಒಳಗಿನ ಆಯಿಲ್ ಆವಿಯನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್). ಯಾವುದನ್ನು ಹಿಸುಕಿದಾಗ ಟ್ರಿಮ್ ತಟ್ಟನೆ ಬೀಳುತ್ತದೋ ಸೋರಿಕೆ ಆ ದಾರಿಯಲ್ಲಿದೆ. ಪಿಸಿವಿಯಲ್ಲಿ ಸ್ವಲ್ಪ ಬದಲಾವಣೆ ಸಹಜ. ವರ್ಷಗಟ್ಟಲೆ ಬಿಸಿ ತಿಂದು ಕಲ್ಲಾದ ಹೋಸ್ ಹಿಸುಕಿದರೇ ಒಡೆಯುತ್ತದೆ. ಅಂಥದ್ದನ್ನು ಹೇಗೂ ಬದಲಿಸಬೇಕಿತ್ತು.

ಮೊದಲು ಬೆರಳು ಹಾಕಿ ನೋಡಬೇಕಾದ ಜಾಗ ಇನ್‌ಟೇಕ್ ಮ್ಯಾನಿಫೋಲ್ಡ್ ಹಿಂಬದಿಯಲ್ಲಿ ಪಿಸಿವಿ ಹೋಸ್ ಸೇರುವ ರಬ್ಬರ್ ಮೊಣಕೈ. ಆಯಿಲ್ ಆವಿಗೆ ಮೆತ್ತಗಾಗಿ ತಳಭಾಗದಲ್ಲಿ ಸೀಳುತ್ತದೆ, ಮೇಲಿನಿಂದ ಕಾಣುವುದಿಲ್ಲ, ಕನ್ನಡಿ ಬೇಕು. ಎರಡನೆಯದು ಏರ್‌ಫ್ಲೋ ಸೆನ್ಸರ್‌ನಿಂದ ಥ್ರಾಟಲ್‌ವರೆಗಿನ ಮಡಿಕೆ ಪೈಪ್. ನಿಂತಾಗ ಬಿರುಕು ಮುಚ್ಚಿಕೊಂಡು, ಗೇರ್ ಹಾಕಿ ಎಂಜಿನ್ ವಾಲಿದಾಗ ಬಾಯಿ ಬಿಡುತ್ತದೆ, ಆದ್ದರಿಂದ ಬಿಚ್ಚಿ ಕೈಯಲ್ಲಿ ಬಗ್ಗಿಸಿ ನೋಡಿ. ಏರ್‌ಫ್ಲೋ ಸೆನ್ಸರ್ ಇರುವ ಎಂಜಿನ್‌ನಲ್ಲಿ ಆಯಿಲ್ ಮುಚ್ಚಳ, ಡಿಪ್‌ಸ್ಟಿಕ್ ಕೊಳವೆಯ ರಿಂಗ್ ಕೂಡ ಕಳ್ಳದಾರಿಗಳೇ. ಅಲ್ಲಿ ನುಗ್ಗಿದ ಗಾಳಿಯನ್ನು ಪಿಸಿವಿ ಒಳಗೆ ಎಳೆಯುತ್ತದೆ.

ಕಾರ್ಬೊರೇಟರ್ ಕ್ಲೀನರ್ ಚಿಮುಕಿಸಿ ಹುಡುಕುವ ಹಳೆಯ ರೂಢಿ ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಬೆಂಕಿಗೆ ಆಹ್ವಾನ. ಹೊಗೆ ಯಂತ್ರ ಸಿಕ್ಕರೆ ಅದೇ ಉತ್ತಮ: ಏರ್‌ಫ್ಲೋ ಸೆನ್ಸರ್ ಮುಂದೆ ದಾರಿ ಮುಚ್ಚಿ, ಥ್ರಾಟಲ್ ಸ್ವಲ್ಪ ತೆರೆದಿಟ್ಟು, 1 ಪಿಎಸ್‌ಐ ಒತ್ತಡ ಮೀರದಂತೆ ಹೊಗೆ ತುಂಬಿ. ಇನ್‌ಟೇಕ್ ಗ್ಯಾಸ್ಕೆಟ್ ತಣ್ಣಗಿದ್ದಾಗ ಮಾತ್ರ ಸೋರಿ ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುವುದುಂಟು. ಅದಕ್ಕೇ ಹೊಗೆ ಪರೀಕ್ಷೆ ತಣ್ಣನೆಯ ಎಂಜಿನ್‌ನಲ್ಲಿ ಮಾಡಿ.

ಇಂಧನದ ಕಡೆ

ಗೇಜ್ ಹಾಕುವ ಮೊದಲು ಫ್ಯೂಯಲ್ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡ ಬಿಡಿಸಿ, ಹತ್ತಿರ ಬೆಂಕಿನಂದಕ ಇರಲಿ. ಎಷ್ಟು ಒತ್ತಡ ಬೇಕೆಂಬುದು ಎಂಜಿನ್‌ನ ಮೇಲೆ ನಿಂತಿದೆ. 1996ರಿಂದ ಬಂದ ಶೆವರ್ಲೆ ವೋರ್ಟೆಕ್ 4.3 ಮತ್ತು 5.7ಕ್ಕೆ ಕೀ ಹಾಕಿದಾಗ 60ರಿಂದ 66 ಪಿಎಸ್‌ಐ ಬೇಕು. ಇತರ ಎಷ್ಟೋ ಎಂಜಿನ್‌ಗಳಿಗೆ ಧಾರಾಳವಾದ 50, ಇದಕ್ಕೆ ಸಾಲದು. ಸ್ಟಾರ್ಟ್ ಆಗಲೂ ತಕರಾರು ಮಾಡುತ್ತದೆ. ನಿಮ್ಮ ಎಂಜಿನ್‌ನ ಸಂಖ್ಯೆಯನ್ನು ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತೆಗೆದುಕೊಳ್ಳಿ.

ಐಡ್ಲಿಂಗ್‌ನಲ್ಲಿ ಒತ್ತಡ ಸರಿಯಿದೆ ಎಂದು ಪಂಪನ್ನು ಖುಲಾಸೆ ಮಾಡಬೇಡಿ. ಗೇಜ್ ಅನ್ನು ವಿಂಡ್‌ಶೀಲ್ಡ್‌ನ ಹೊರಗೆ ಟೇಪ್ ಮಾಡಿ ಏರು ಹತ್ತಿಸಿ. ಮುಳ್ಳು ಜಾರುತ್ತಾ ಹೋದರೆ ಫಿಲ್ಟರ್ ಅಥವಾ ಪಂಪ್. ಪಂಪ್ ಕೊಳ್ಳುವ ಮೊದಲು ಅದರ ಕನೆಕ್ಟರ್‌ನಲ್ಲಿ, ಪಂಪ್ ಓಡುತ್ತಿರುವಾಗಲೇ, ವೋಲ್ಟ್ ಅಳೆಯಿರಿ. ಪ್ಲಸ್ ಕಡೆ, ಗ್ರೌಂಡ್ ಕಡೆ ಎರಡೂ ಸೇರಿ ಅರ್ಧ ವೋಲ್ಟ್‌ಗಿಂತ ಹೆಚ್ಚು ನಷ್ಟವಾಗಬಾರದು. ಹಳೆಯ ಪಿಕಪ್‌ಗಳಲ್ಲಿ ಗ್ರೌಂಡ್ ತಂತಿ ಚಾಸಿಗೆ ಬೋಲ್ಟ್ ಆಗಿರುವಲ್ಲಿ ತುಕ್ಕು ಹಿಡಿದು, ಒಳ್ಳೆಯ ಪಂಪ್ ಸೋತಂತೆ ಕಾಣುತ್ತದೆ.

ಒಂದೇ ಬ್ಯಾಂಕ್ ಲೀನ್, ಸೋರಿಕೆಯೂ ಇಲ್ಲ ಎಂದಾದರೆ ಇಂಜೆಕ್ಟರ್ ಬ್ಯಾಲೆನ್ಸ್ ಪರೀಕ್ಷೆ. ಪ್ರತಿ ಸಲ ರೈಲನ್ನು ಒಂದೇ ಒತ್ತಡಕ್ಕೆ ತಂದು, ಪ್ರತಿಯೊಂದು ಇಂಜೆಕ್ಟರನ್ನು ಅಷ್ಟೇ ಹೊತ್ತು ತೆರೆದು, ಒತ್ತಡ ಎಷ್ಟು ಬಿತ್ತೆಂದು ಬರೆಯಿರಿ. ಕಡಿಮೆ ಬೀಳುವುದು ಕಟ್ಟಿಕೊಂಡಿದೆ.

ಏರ್‌ಫ್ಲೋ ಸೆನ್ಸರ್ ಸುಳ್ಳು ಹೇಳುತ್ತಿದೆಯೇ?

ಕೆಲಸಕ್ಕೆ ಬರುವ ಎರಡು ಅಂದಾಜು: ಬಿಸಿ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಎಷ್ಟು ಗ್ರಾಂ ಎಂಬುದು ಎಂಜಿನ್‌ನ ಲೀಟರ್‌ಗೆ ಹತ್ತಿರ, ಪೂರ್ತಿ ಥ್ರಾಟಲ್‌ನಲ್ಲಿ ಗರಿಷ್ಠ ಶಕ್ತಿಯ ಆರ್‌ಪಿಎಂ ಹತ್ತಿರ ಅದು ಲೀಟರ್‌ನ ಸುಮಾರು 40 ಪಟ್ಟು. 5.3 ಲೀಟರ್ ಎಂಜಿನ್‌ಗೆ 5 ಮತ್ತು 210. ಪೂರ್ತಿ ಥ್ರಾಟಲ್‌ನಲ್ಲಿ 150 ಬಂದು, ಲೋಡ್‌ನಲ್ಲಿ ಟ್ರಿಮ್ ಕೂಡ ಮೇಲಿದ್ದರೆ ಸೆನ್ಸರ್ ಕಡಿಮೆ ಅಳೆಯುತ್ತಿದೆ. 150 ಬಂದು ಟ್ರಿಮ್ ಸರಿಯಾಗಿಯೇ ಇದ್ದರೆ ಸೆನ್ಸರ್ ಸತ್ಯವಂತ. ಗಾಳಿಯೇ ಹೋಗುತ್ತಿಲ್ಲ, ಕಟ್ಟಿಕೊಂಡ ಕ್ಯಾಟಲಿಟಿಕ್ ಕನ್ವರ್ಟರ್ ಕಡೆ ನೋಡಿ. ಆಯಿಲ್ ಹಚ್ಚುವ ಏರ್ ಫಿಲ್ಟರ್‌ನಲ್ಲಿ ಆಯಿಲ್ ಜಾಸ್ತಿಯಾಗಿದ್ದರೆ ಅದು ಸೆನ್ಸರ್ ತಂತಿಗೆ ಅಂಟುತ್ತದೆ. ಇದಕ್ಕೆಂದೇ ಸಿಗುವ ಕ್ಲೀನರ್ ಮಾತ್ರ ಬಳಸಿ, ತಂತಿ ಮುಟ್ಟಬೇಡಿ, ಪೂರ್ತಿ ಒಣಗಿದ ಮೇಲೆ ಕನೆಕ್ಟರ್ ಹಾಕಿ.

ಆಕ್ಸಿಜನ್ ಸೆನ್ಸರ್ ಪರೀಕ್ಷೆ, ರಿಪೇರಿ ನಂತರದ ಓದು

ಬಿಸಿ ಎಂಜಿನ್‌ನ ಇನ್‌ಟೇಕ್‌ಗೆ ಸ್ವಲ್ಪ ಪ್ರೋಪೇನ್ ಬಿಡಿ: 0.8 ವೋಲ್ಟ್ ಮೀರಬೇಕು. ಒಂದು ವ್ಯಾಕ್ಯೂಮ್ ಹೋಸ್ ಕಿತ್ತು ನೋಡಿ: 0.2ಕ್ಕಿಂತ ಕೆಳಗೆ ಬೀಳಬೇಕು. ಎರಡೂ ತಡವಿಲ್ಲದೆ ಆದರೆ ಸೆನ್ಸರ್ ಚೆನ್ನಾಗಿದೆ. ವೈಡ್‌ಬ್ಯಾಂಡ್ ಸೆನ್ಸರ್ ಇರುವ ಈಚಿನ ಗಾಡಿಗಳಿಗೆ ಈ ವೋಲ್ಟ್‌ಗಳು ಹೊಂದುವುದಿಲ್ಲ.

ರಿಪೇರಿ ಆದಮೇಲೆ ಟ್ರಿಮ್ ಸೊನ್ನೆ ಮಾಡಿ, ಮೊದಲಿನ ಮೂರೂ ಜಾಗದಲ್ಲಿ ಮತ್ತೆ ಅಳೆಯಿರಿ. ದೀಪ ಹತ್ತಲಿಲ್ಲ ಎಂಬುದು ಪುರಾವೆಯಲ್ಲ, ಈ ಕೋಡ್ ಸಾಮಾನ್ಯವಾಗಿ ಎರಡು ಸಲದ ಓಟದಲ್ಲಿ ದೋಷ ಕಂಡ ಮೇಲೆಯೇ ದೀಪ ಹಚ್ಚುತ್ತದೆ. ಐಡ್ಲಿಂಗ್‌ನಲ್ಲಿ +22 ಇದ್ದದ್ದು +12ಕ್ಕೆ ಬಂದು ನಿಂತರೆ ಇನ್ನೊಂದು ಸೋರಿಕೆ ಉಳಿದಿದೆ. ಒಂದು ರಬ್ಬರ್ ಸೀಳಿದ ಗಾಡಿಯಲ್ಲಿ ಅದೇ ವಯಸ್ಸಿನ ಇನ್ನೆರಡು ಸೀಳಿರುವುದು ಸಾಮಾನ್ಯ.